ಹದಿನೇಳನೆಯ ಹೆಸರಿನ ನಂತರ

ಜುಲೈ 5, ಶನಿವಾರ, ಬೆಳಿಗ್ಗೆ 11:20. ಶಹಾಬಜಾರದ ಒಂದು ಸಣ್ಣ ರಿಪೇರಿ ಅಂಗಡಿಯಲ್ಲಿ ನನ್ನ ಲ್ಯಾಪ್‌ಟಾಪ್‌ನ ಮೊದಲ ಸ್ಕ್ರೂ ಸಡಿಲವಾದದ್ದು ಈ ಹೊತ್ತಿಗೆ. ಒಟ್ಟು ಹನ್ನೊಂದು ಸ್ಕ್ರೂ. ಎಂಟು ಉದ್ದ, ಮೂರು ಗಿಡ್ಡ. ರಿಪೇರಿಯವರು ಅವನ್ನು ಒಂದು ಬಟ್ಟಲಿಗೆ ಹಾಕುತ್ತಿದ್ದರು, ನಾನು ಡೈರಿಯಲ್ಲಿ ಗೆರೆ ಎಳೆಯುತ್ತಿದ್ದೆ.

ಅವರಿಗೆ ಐವತ್ತೈದು ದಾಟಿರಬಹುದು. ಕೊರಳಿನ ದಾರದಲ್ಲಿ ಎರಡು ಚಷ್ಮಾ ನೇತಾಡುತ್ತಿದ್ದವು. ಒಂದು ಯಂತ್ರ ನೋಡಲು, ಇನ್ನೊಂದು ಮನುಷ್ಯರನ್ನು ನೋಡಲು.

"ಈ ಟಿಕ್ ಟಿಕ್ ಯಾವಾಗಿಂದ ಬರಾಕತ್ತದ?"

"ಮೇ 19ರಿಂದ್ರೀ. ಆನ್ ಆಗಲಿಕ್ಕೆ ಮೊದಲು ನಾಕು ನಿಮಿಷ ತಗೋತಿತ್ತು, ಈಗ ಹನ್ನೊಂದು."

ಅವರು ಚಷ್ಮಾ ಬದಲಿಸಿ ನನ್ನನ್ನು ನೋಡಿದರು. "ಬೇಟಿ, ಡಾಕ್ಟರ್ ಹಂತ್ಯಾಕ ಹೋದಾಗೂ ಹಿಂಗೇ ಹೇಳ್ತಿಯೇನು?"

"ಹೌದ್ರಿ."

"ಪಾಪ, ಡಾಕ್ಟರ್."

ಹಾರ್ಡ್ ಡಿಸ್ಕ್ ಹಾಳಾಗುತ್ತಿತ್ತು. ಅದನ್ನು ತೆಗೆದು ಹೊಸ ಎಸ್‌ಎಸ್‌ಡಿ ಹಾಕಿಸುವುದು, ಹಳೆಯದರಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ಸಾಗಿಸುವುದು, ಇಷ್ಟೇ ಕೆಲಸ. ಎಲ್ಲ ಸೇರಿ 3,826 ಫೈಲುಗಳಿದ್ದವು. ಆದರೆ ನಾನು ಹೆದರಿದ್ದು ಒಂದೇ ಒಂದು ಫೈಲಿಗಾಗಿ. ಆರು ನಿಮಿಷ ಹನ್ನೆರಡು ಸೆಕೆಂಡಿನ ಒಂದು ಧ್ವನಿ. ನನ್ನ ಆಯಿಯದು, ಅಂದರೆ ಅಪ್ಪನ ತಾಯಿಯದು.

ಆಯಿಯ ಮನೆ ಕಮಲಾಪುರದಲ್ಲಿ. ಪ್ರತಿ ವರ್ಷ ಮಾನೌಮಿ ಅಮಾವಾಸ್ಯೆಯ ದಿನ ಅಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಬಾಳೆ ಎಲೆಯ ಮುಂದೆ ಕುಳಿತು ಆಯಿ ಮನೆತನದಲ್ಲಿ ತೀರಿಕೊಂಡವರ ಹೆಸರನ್ನು ಒಂದೊಂದಾಗಿ ಕರೆಯುತ್ತಿದ್ದಳು. ಒಂದು ಹೆಸರಿಗೆ ಒಂದು ಹೋಳಿಗೆ ತುತ್ತು. ತೀರ ಹಳಬರು ಮೊದಲು, ಇತ್ತೀಚಿನವರು ಕೊನೆಗೆ. ಕರೆಯದೆ ಬಿಟ್ಟವರು ಆ ವರ್ಷ ಉಪವಾಸ ಹೋಗುತ್ತಾರೆ ಎಂಬುದು ಆಯಿಯ ನಂಬಿಕೆ. "ಬೀಗರನ್ನ ಕರದಂಗ ಹೆಸರು ಹಿಡಿದು ಕರೀಬೇಕು. ಎಲ್ಲಾರೂ ಬರ್ರಿ ಅಂದ್ರ ಯಾರು ಬರ್ತಾರ?" ಎನ್ನುತ್ತಿದ್ದಳು.

ಈ ಹೆಸರುಗಳು ನಮ್ಮಲ್ಲಿ ಅತ್ತೆಯ ಬಾಯಿಂದ ಸೊಸೆಯ ಬಾಯಿಗೆ ಬರಬೇಕು. ಬರೆದಿಡುವಂತಿಲ್ಲ. ಸತ್ತವರ ಪಟ್ಟಿ ಬದುಕಿದವರ ಮನೆಯಲ್ಲಿ ಇರಬಾರದಂತೆ. ಆಯಿ ತನ್ನ ಅತ್ತೆಯಿಂದ ಕಲಿತಿದ್ದಳು. ಅವಳಿಂದ ಕಲಿಯಬೇಕಾದವಳು ನನ್ನ ಅವ್ವ. ಅವ್ವ ಕಲಿಯಲಿಲ್ಲ. ಕಲಬುರಗಿಯ ಖೂಬಾ ಪ್ಲಾಟ್‌ನ ನಮ್ಮ ಮನೆಯಿಂದ ದಿನಾ ಆಫೀಸಿಗೆ ಹೋಗಿಬರುವ ಅವ್ವನಿಗೆ ಪುರುಸೊತ್ತಿಲ್ಲವೆಂದು ಎಲ್ಲರೂ ತಿಳಿದಿದ್ದರು. ಕಾರಣ ಅದಲ್ಲ. ಪಟ್ಟಿಯ ಕೊನೆಯ ಹೆಸರು ನನ್ನ ಅಪ್ಪನದು. ನಾನು ಆರನೇ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡ. ಗಂಡನ ಹೆಸರನ್ನು ಅವ್ವ ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಕಾರ್ಡನ್ನೇ ಮುಂದೆ ಹಿಡಿಯುತ್ತಿದ್ದಳು.

"ಬದುಕಿದ್ದಾಗ ಹೇಳಬಾರದು, ಖರೆ. ಸತ್ತ ಮ್ಯಾಲ ಹೇಳಲೇಬೇಕವ್ವ," ಎಂದು ಆಯಿ ಅವಳನ್ನು ಚುಚ್ಚುತ್ತಿದ್ದಳು. "ನಾ ಇರೋತನಕ ನನ್ನ ಮಗಂದು ನಾ ಕರೀತೀನಿ. ಆಮ್ಯಾಲ ಏನ್ ಮಾಡ್ತಿ? ಕಾರ್ಡ್ ತೋರಸ್ತೀಯೇನು?"

ಅವ್ವ ನಕ್ಕು ಒಳಗೆ ಹೋಗಿಬಿಡುತ್ತಿದ್ದಳು.

ಅದಕ್ಕೇ ನಾನು ಒಂದು ಅಮಾವಾಸ್ಯೆಗೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆಂದು ಆಯಿಯನ್ನು ಕೇಳಿದೆ. ಬರೆಯುವುದಲ್ಲ, ಬಾಯಿಮಾತೇ ಎಂದು ವಾದಿಸಿದೆ. ಆಯಿ ಬಹಳ ಹೊತ್ತು ಯೋಚಿಸಿ ಒಪ್ಪಿದಳು, ಒಂದು ಷರತ್ತಿನ ಮೇಲೆ. "ಒಂದೇ ಕಡೆ ಇಡು. ಎರಡು ಕಡೆ ಇಟ್ಟರ ಎರಡು ಮನಿಂದ ಕರದಂಗ ಆಗ್ತದ. ಯಾವ ಮನಿಗೆ ಬರ್ಬೇಕು ಅವರು?" ನಾನು ಮಾತು ಕೊಟ್ಟೆ. ಸಂಜೆಯೇ ಅದನ್ನು ಫೋನಿನಿಂದ ಲ್ಯಾಪ್‌ಟಾಪ್‌ಗೆ ಹಾಕಿ, ಫೋನಿನದನ್ನು ಅಳಿಸಿದೆ. ಅವಳು ಕರೆಯುವಾಗ ಡೈರಿಯಲ್ಲಿ ಹೆಸರಿಗೊಂದು ಗೆರೆ ಎಳೆದಿದ್ದೆ. ನಲವತ್ತಮೂರು ಗೆರೆ. ಹೆಸರು ಬರೆಯಲಿಲ್ಲ.

ಮುಂದಿನ ವರ್ಷ ಆಗಸ್ಟಿನಲ್ಲಿ ಆಯಿ ಹೋದಳು. ಸಾವಾದ ವರ್ಷ ನಮ್ಮಲ್ಲಿ ಎಡೆ ಇಡುವುದಿಲ್ಲ. ವರ್ಷದ ಪೂಜೆ ಮುಗಿಯುವವರೆಗೆ ಅವಳ ಧ್ವನಿ ಹಚ್ಚಬಾರದೆಂದು ಅವ್ವನೂ, ಕಮಲಾಪುರದ ಮನೆಯಲ್ಲಿರುವ ಅಪ್ಪನ ತಂಗಿ, ನನ್ನ ಸೋದರತ್ತೆಯೂ ಸೇರಿ ನಿಶ್ಚಯಿಸಿದರು. ಹೋಗುತ್ತಿರುವವಳನ್ನು ಅರ್ಧ ದಾರಿಯಲ್ಲಿ ಮಾತಾಡಿಸಬಾರದು ಎಂದು ಸೋದರತ್ತೆ ಹೇಳಿದಳು. ನನಗೂ ಕೇಳುವ ಧೈರ್ಯವಿರಲಿಲ್ಲ.

ಡಿಸ್ಕ್ ಕೆಟ್ಟದ್ದು ಆ ವರ್ಷ ಮುಗಿಯುವ ಮೊದಲೇ.

ರಿಪೇರಿಯವರು ಮೊದಲು ಬ್ಯಾಟರಿಯ ತಂತಿ ಬಿಡಿಸಿದರು. ಆಮೇಲೆ ಹಾರ್ಡ್ ಡಿಸ್ಕನ್ನು ಅದರ ತಗಡಿನ ಚೌಕಟ್ಟಿನಿಂದ ಎತ್ತಿ, ತಮ್ಮ ಕಂಪ್ಯೂಟರಿಗೆ ಜೋಡಿಸಿ, ಪಕ್ಕದಲ್ಲಿ ಹೊಸದನ್ನು ಜೋಡಿಸಿ, ನಕಲು ಶುರು ಮಾಡಿದರು. ಬಿಸ್ಕತ್ತಿನಷ್ಟು ತೆಳುವಾದ ಆ ಹೊಸ ವಸ್ತುವಿನಲ್ಲಿ ತಿರುಗುವಂಥದ್ದು ಏನೂ ಇರಲಿಲ್ಲ. 12:05ಕ್ಕೆ ಶುರುವಾದ ನಕಲು ಮುಗಿದಾಗ 3:40. ಪರದೆಯ ಮೇಲೆ ಒಂದು ಕೆಂಪು ಸಾಲು ಬಂದಿತ್ತು.

"ಕೆಲವು ಜಾಗ ಸತ್ತಾವ," ಅಂದರು. "ಓದಾಕ ಆಗದಲ್ಲೆಲ್ಲ ಇದು ಖಾಲಿ ಬಿಟ್ಟು ಮುಂದ ಹೋಗ್ಯದ. ಯಾವ ಫೈಲಿನಾಗ ಖಾಲಿ ಬಿದ್ದದ ಅಂತ ಹೇಳಂಗಿಲ್ಲ. ಮುಖ್ಯ ಇದ್ದದ್ದು ಒಂದೊಂದು ತೆರೆದು ನೋಡು."

ನಾನು ಡೈರಿ ತೆಗೆದೆ. ಫೋಲ್ಡರಿಗೊಂದು ಸಾಲು: ಎಷ್ಟು ಫೈಲು, ಎಷ್ಟು ಗಾತ್ರ, ಹಳೆಯದರಲ್ಲಿ, ಹೊಸದರಲ್ಲಿ. ಎಲ್ಲವೂ ತಾಳೆಯಾದವು. ಕಾಲೇಜಿನ ಕಾಗದಪತ್ರ ತೆರೆದೆ, ಫೋಟೋ ತೆರೆದೆ. ಎರಡು ಫೋಟೋಗಳ ಕೆಳಭಾಗ ಬೂದು ಬಣ್ಣಕ್ಕೆ ತಿರುಗಿತ್ತು. ಅವು ಮುಖ್ಯವಲ್ಲ ಎಂದು ಬರೆದುಕೊಂಡೆ. ಆಯಿಯ ಫೈಲಿನ ಮೇಲೆ ಬಾಣದ ಗುರುತು ಇಟ್ಟು ನಿಂತೆ. ಗಾತ್ರ ಸರಿ. ಉದ್ದ ಸರಿ, ಆರು ನಿಮಿಷ ಹನ್ನೆರಡು ಸೆಕೆಂಡು.

"ಹಚ್ಚು," ಅಂದರು.

"ಇದು ಈಗ ಕೇಳಂಗಿಲ್ರಿ. ಆಗಸ್ಟ್ ತನಕ."

"ಕೇಳದ ಹೆಂಗ ಗೊತ್ತಾಗ್ತದ?"

"ಲೆಕ್ಕ ತಾಳೆ ಆಗ್ಯದಲ್ರೀ."

"ಲೆಕ್ಕ ಬ್ಯಾರೆ, ಮಾಲು ಬ್ಯಾರೆ, ಬೇಟಿ. ಚೀಲ ಎಣಿಸಿದರ ಒಳಗ ತೊಗರಿ ಅದನೋ ಹೊಟ್ಟು ಅದನೋ ಹೆಂಗ ತಿಳೀತದ?" ನಾನು ಬಾಣದ ಗುರುತನ್ನು ಫೈಲಿನ ಮೇಲಿಂದ ಸರಿಸಿದೆ. "ಹಂಗಾರ ಹಳೇ ಡಿಸ್ಕ್ ಮನ್ಯಾಗ ಇಟ್ಟುಕೋ. ಅದೇನು ಅನ್ನ ಬೇಡ್ತದೇನು?"

ಇಟ್ಟುಕೊಂಡರೆ ಎರಡು ಕಡೆ ಇಟ್ಟಂತಾಗುತ್ತದೆ. ಅದನ್ನು ಅವರಿಗೆ ಹೇಗೆ ಹೇಳಲಿ ಎಂದು ತಿಳಿಯಲಿಲ್ಲ. ಕೊಟ್ಟ ಮಾತಿದೆ, ಒಡೆದುಬಿಡಿ ಎಂದೆ. ಅವರು ಎರಡು ಸಲ ಕೇಳಿದರು. ಎರಡು ಸಲವೂ ಹೌದು ಎಂದೆ. ಮುಚ್ಚಳ ಬಿಚ್ಚಿದಾಗ ಒಳಗೆ ಕನ್ನಡಿಯಂಥ ಬಿಲ್ಲೆ ಇತ್ತು, ನನ್ನ ಹಣೆ ಅದರಲ್ಲಿ ಕಂಡಿತು. ಗಾಜಿನದು ಅದು. ಬಟ್ಟೆ ಮುಚ್ಚಿ ಸುತ್ತಿಗೆಯಿಂದ ಒಂದೇ ಪೆಟ್ಟು. ಪೇಪರಿನಲ್ಲಿ ಕಟ್ಟಿ ಕಸಕ್ಕೆ ಹಾಕಿದರು. 4:25. ಡೈರಿಯಲ್ಲಿ "ಒಂದೇ ಕಡೆ ಇದೆ. ಲೆಕ್ಕ ಸರಿ" ಎಂದು ಬರೆದೆ. ಲ್ಯಾಪ್‌ಟಾಪ್ ಹದಿನಾಲ್ಕು ಸೆಕೆಂಡಿನಲ್ಲಿ ಆನ್ ಆಯಿತು. ಅದನ್ನೂ ಬರೆದೆ.

ಆಗಸ್ಟಿನಲ್ಲಿ ವರ್ಷದ ಪೂಜೆ ಮುಗಿಯಿತು. ಆಗಲಾದರೂ ಕೇಳಬಹುದಿತ್ತು. ಮೊದಲ ಸಲ ಎಡೆಯ ಮುಂದೆಯೇ ಕೇಳೋಣ ಎಂದಳು ಅವ್ವ. ಸರಿ ಎಂದೆ.

ಸೆಪ್ಟೆಂಬರ್ 21, ಭಾನುವಾರ, ಮಧ್ಯಾಹ್ನ 12:50. ಕಮಲಾಪುರದ ಮನೆ. ಸೋದರತ್ತೆ ಹೋಳಿಗೆ ಮುರಿದು ನಲವತ್ತನಾಲ್ಕು ತುತ್ತು ಮಾಡಿ ತಾಟಿನಲ್ಲಿ ಇಟ್ಟಿದ್ದಳು. ನಲವತ್ತಮೂರು ಹಿಂದಿನವರಿಗೆ, ಒಂದು ಆಯಿಗೆ. ಆಯಿ ಕೂರುತ್ತಿದ್ದ ಜಾಗದಲ್ಲಿ ಮಣೆ ಇಟ್ಟು ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟೆ.

ಆಯಿ ಕೆಮ್ಮಿದಳು. "ಹಚ್ಚೀದೇನು? ಹೂಂ," ಅಂದಳು. ಸೋದರತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ನಂತರ ಹೆಸರುಗಳು. ಪ್ರತಿ ಹೆಸರಿಗೆ ಆಯಿ ಒಂದು ಮಾತು ಸೇರಿಸುತ್ತಿದ್ದಳು: ಇವ ಖಾರ ಉಣ್ತಿದ್ದಿಲ್ಲ, ಇಕಿ ಹೆರಿಗ್ಯಾಗ ಹೋದಳು, ಇವ ಸಿಟ್ಟಿನಾವ, ಮೊದಲು ತುಪ್ಪ ಹಾಕ್ರಿ. ಅವ್ವ ತುತ್ತು ಇಡುತ್ತಿದ್ದಳು. ನಾನು ಗೆರೆ ಎಳೆಯುತ್ತಿದ್ದೆ. ಹದಿನೇಳನೆಯ ಹೆಸರಾಯಿತು. ಅದರ ಮುಂದಿನ ಮಾತು ಅರ್ಧಕ್ಕೆ ನಿಂತಿತು.

ಪರದೆಯಲ್ಲಿ ಸೆಕೆಂಡುಗಳು ಓಡುತ್ತಲೇ ಇದ್ದವು. ಧ್ವನಿ ಹೆಚ್ಚಿಸಿದೆ. ಹಿಂದಕ್ಕೆ ಎಳೆದು ಮತ್ತೆ ಹಚ್ಚಿದೆ. ಅದೇ ಜಾಗದಲ್ಲಿ ಅದೇ ಅರ್ಧ ಮಾತು. ಆರು ನಿಮಿಷ ಹನ್ನೆರಡು ಸೆಕೆಂಡು ಮುಗಿಯುವವರೆಗೆ ಮೂವರೂ ಕಾಯುತ್ತ ಕುಳಿತೆವು. ಹದಿನೆಂಟನೆಯ ತುತ್ತು ಅವ್ವನ ಬೆರಳಲ್ಲೇ ಇತ್ತು.

"ಕೆಟ್ಟದೇನು?" ಎಂದಳು ಸೋದರತ್ತೆ.

"ಹೂಂ."

"ನೀ ನೋಡಿದ್ದಿಲ್ಲೇನು?"

"ಎಣಿಸಿದ್ದೆ."

ಸೋದರತ್ತೆ ನನ್ನನ್ನು ಬೈಯಲಿಲ್ಲ. ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳತೊಡಗಿದಳು. ಅವಳಿಗೆ ಆರು ಹೆಸರು ಬಂದವು, ಅವ್ವನಿಗೆ ನಾಲ್ಕು. ಸಾಲು ಹಿಂದುಮುಂದಾಗಿದ್ದರೂ ಒಂದೊಂದು ಹೆಸರಿಗೂ ತುತ್ತಿಟ್ಟರು. ಮತ್ತೆ ಯಾವುದೂ ಬರಲಿಲ್ಲ. ಆಗ ಸೋದರತ್ತೆ ಅವ್ವನ ಕಡೆ ತಿರುಗಿ, "ನಮ್ಮಣ್ಣಂದು ನಾ ಹೇಳ್ಲೇನು ವೈನಿ?" ಎಂದಳು.

ಅವ್ವ ತಲೆ ಅಲ್ಲಾಡಿಸಿದಳು. ಒಂದು ತುತ್ತು ತೆಗೆದುಕೊಂಡಳು. ಎರಡು ಸಲ ತುಟಿ ತೆರೆದಳು. ಮೂರನೆಯ ಸಲ ಅಪ್ಪನ ಹೆಸರು ಹೇಳಿದಳು, ಯಾರನ್ನೋ ಪಕ್ಕದ ಕೋಣೆಯಿಂದ ಕರೆಯುವಷ್ಟೇ ಸಣ್ಣ ದನಿಯಲ್ಲಿ. ಹನ್ನೆರಡು ವರ್ಷದ ಸಂಸಾರ, ಹನ್ನೊಂದು ವರ್ಷದ ವೈಧವ್ಯ; ಅಪ್ಪನ ಹೆಸರನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅದರ ಬೆನ್ನಿಗೇ ಆಯಿಯ ಹೆಸರನ್ನೂ ಹೇಳಿ ತುತ್ತಿಟ್ಟು ಎದ್ದು ಹಿತ್ತಲಿಗೆ ಹೋದಳು.

ತಾಟಿನಲ್ಲಿ ಹದಿನೈದು ತುತ್ತು ಉಳಿದವು. ಎಲೆಯ ಮೇಲೆ ಹಾಗೆಯೇ ಇಟ್ಟುಬಿಡೋಣ ಎಂದೆ. "ಯಾರಿಗಂತ ಇಡ್ಲಿ?" ಎಂದಳು ಸೋದರತ್ತೆ. ತಾಟಿಗೆ ಇನ್ನೊಂದು ತಾಟು ಮುಚ್ಚಿದಳು. ಆ ದಿನ ನಮ್ಮಲ್ಲಿ ಯಾರೂ ಹೋಳಿಗೆ ತಿನ್ನಲಿಲ್ಲ.

ಸೆಪ್ಟೆಂಬರ್ 23ರಂದು ಶಹಾಬಜಾರಕ್ಕೆ ಹೋದೆ. ರಿಪೇರಿಯವರು ಫೈಲನ್ನು ಬೇರೊಂದು ತಂತ್ರಾಂಶದಲ್ಲಿ ತೆರೆದರು. ಒಂದು ಜಾಗದಿಂದ ಕೊನೆಯವರೆಗೆ ಬರೀ ಸೊನ್ನೆಗಳು. ಅವರು ಮೇಲೆ ಕೆಳಗೆ ಎಳೆದು ನೋಡುತ್ತಲೇ ಇದ್ದರು. ನಾನು ಹೇಳಿರಲಿಲ್ಲವೇ ಎಂದು ಅನ್ನಲಿಲ್ಲ. "ಯಾರ ಆವಾಜ್ ಇತ್ತು?" ಎಂದು ಕೇಳಿದರು. ಹೇಳಿದೆ. ಚಷ್ಮಾ ತೆಗೆದು ಒರೆಸಿಕೊಂಡು, "ನನಗ ಅವತ್ತೇ ಹೇಳಿದ್ದರ ನಾ ಒಬ್ಬನೇ ಕೇಳಿ ನೋಡ್ತಿದ್ದೆ, ಬೇಟಿ. ನೀ ಹೊರಗ ನಿಂತಿದ್ದರ ಆಗ್ತಿತ್ತು," ಎಂದರು. ಅದು ನನಗೆ ಹೊಳೆದೇ ಇರಲಿಲ್ಲ. ಈಗ ದಿನಾ ಹೊಳೆಯುತ್ತದೆ.

ಅಂದಿನಿಂದ ಇಂದಿನವರೆಗೆ, ಉಳಿದ ಹೆಸರು ಹುಡುಕಿಕೊಂಡು ನೆಂಟರ, ನೆರೆಯವರ ಹನ್ನೊಂದು ಮನೆಗೆ ಹೋಗಿಬಂದಿದ್ದೇನೆ. ಏಳು ಮನೆಯಲ್ಲಿ ಚಹಾ ಸಿಕ್ಕಿತು, ಹೆಸರು ಸಿಗಲಿಲ್ಲ. ಎರಡರಲ್ಲಿ ನಮಗೆ ಗೊತ್ತಿದ್ದ ಹೆಸರನ್ನೇ ಹೇಳಿದರು. ತಾಜಸುಲ್ತಾನಪುರದಲ್ಲಿ ಆಯಿಯ ಚಿಕ್ಕಮ್ಮನ ಮಗಳು ಒಂದು ಹೆಸರು ಕೊಟ್ಟಳು. ಕಮಲಾಪುರದಲ್ಲೇ ಹಳೆಯ ನೆರೆಯವರೊಬ್ಬರು, ಎಳೆಯ ವಯಸ್ಸಿನಲ್ಲಿ ಬಾವಿಗೆ ಬಿದ್ದ ಒಬ್ಬ ಹುಡುಗಿಯ ಹೆಸರು ಹೇಳಿದರು. ಅವಳನ್ನು ಆಯಿ "ಸಣ್ಣಾಕಿಗೆ ಸಣ್ಣ ತುತ್ತು" ಎಂದು ಕರೆಯುತ್ತಿದ್ದದ್ದು ನನಗೆ ಆಗ ನೆನಪಾಯಿತು. ಮೂವತ್ತು ಹೆಸರಾದವು. ಅವ್ವ ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಅವನ್ನು ಬಾಯಿಪಾಠ ಹೇಳುತ್ತಾಳೆ. ನಾನು ಅವಳ ಹಿಂದೆ ಹೇಳುತ್ತೇನೆ.

ಇನ್ನೂ ಹದಿಮೂರು ಬೇಕು. ಕಮಲಾಪುರದಲ್ಲಿ ಮಾನೌಮಿ ಅಮಾವಾಸ್ಯೆಯ ಮಧ್ಯಾಹ್ನ, ತುಪ್ಪ ಹಾಕುವಾಗ ಸತ್ತವರ ಸ್ವಭಾವವನ್ನೂ ಹೇಳುತ್ತಿದ್ದ ಒಬ್ಬ ಮುದುಕಿಯ ಎಡೆಯ ಮುಂದೆ ನೀವೋ ನಿಮ್ಮ ಮನೆಯ ಹಿರಿಯರೋ ಕುಳಿತಿದ್ದರೆ, ದಯಮಾಡಿ ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಹೆಸರನ್ನು ಬರೆಯಬೇಡಿ. ಗೊತ್ತಿದೆ ಎಂದಷ್ಟೇ ಬರೆದು, ಯಾವ ದಿನ, ಎಷ್ಟು ಗಂಟೆಗೆ ಬರಲಿ ಎಂದು ತಿಳಿಸಿ. ನಾನೂ ಅವ್ವನೂ ಬಂದು ಕೇಳಿಕೊಂಡು ಹೋಗುತ್ತೇವೆ. ಒಂದೇ ಹೆಸರಾದರೂ ಸರಿ.