ಆಷಾಢದಲ್ಲಿ ತೆರೆಯದ ಪುಟ

ನನಗೆ ಅನುಮಾನ ಜಾಸ್ತಿ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಬಸ್ಸಿನಲ್ಲಿ ಪಕ್ಕದವರು ಸುಮ್ಮನೆ ನಕ್ಕರೂ ಬ್ಯಾಗಿನ ಜಿಪ್ಪು ಮುಟ್ಟಿ ನೋಡಿಕೊಳ್ಳುವವಳು ನಾನು. ತರಕಾರಿಯವಳು ತಾನಾಗಿಯೇ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದರೆ, ಟೊಮೇಟೊ ಒಂದೊಂದಾಗಿ ತಿರುಗಿಸಿ ನೋಡುತ್ತೇನೆ. ಆದರೆ ಆ ಆಷಾಢದಲ್ಲಿ ಆದದ್ದಕ್ಕೆಲ್ಲ ನಾನೊಬ್ಬಳೇ ಕಾರಣ ಎಂದರೆ ಮಾತ್ರ ಒಪ್ಪುವುದಿಲ್ಲ. ಕಳ್ಳತನದ ಮಾತು ಮೊದಲು ಎತ್ತಿದ್ದು ನಾನಲ್ಲ, ಲ್ಯಾಪ್‌ಟಾಪು.

ಮದುವೆಯಾದ ವರ್ಷದ ಮಾತು. ಗಂಡನ ಮನೆ ಕೊಳ್ಳೇಗಾಲದಲ್ಲಿ, ರೇಷ್ಮೆ ಸೀರೆ ನೇಯುವ ಮನೆ. ತವರು ಯಳಂದೂರು. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದಲ್ಲ, ನನ್ನನ್ನೂ ಸೀರೆ ಬಳೆ ಕೊಟ್ಟು ತವರಿಗೆ ಕಳಿಸಿದ್ದರು. ಬಂದು ವಾರ ಕಳೆಯುವುದರೊಳಗೆ ಹನೂರಿನ ಕಡೆಯ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುವವರು ಬೇಕಾಗಿದ್ದಾರೆ ಎಂದು ಗೊತ್ತಾಯಿತು. ನಾನು ಬಿ.ಎಡ್. ಮುಗಿಸಿ ಮದುವೆಗೆ ಕಾದು ಕೂತವಳು, ಮದುವೆಯಾದ ಮೇಲೆ ಕೆಲಸಕ್ಕೆ ಕಾದು ಕೂತವಳು. ಆ ಹುದ್ದೆ ನನಗೆ ಬೇಕಿತ್ತು. ಬೇಕಿತ್ತು ಎಂದರೆ ಸಾಲದು, ಊಟ ಮಾಡುವಾಗಲೂ ಅದೇ ಯೋಚನೆ. ಅರ್ಜಿಯನ್ನು ಅವರ ವೆಬ್‌ಸೈಟಿನಲ್ಲೇ ತುಂಬಬೇಕು, ಕೈಯಲ್ಲಿ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ ಎಂದು ಬರೆದಿದ್ದರು.

ನನ್ನ ಅಂಕಪಟ್ಟಿ, ಫೋಟೊ, ಸಹಿ ಎಲ್ಲ ಸ್ಕ್ಯಾನ್ ಮಾಡಿ ಇಟ್ಟಿದ್ದು ನಮ್ಮ ಲ್ಯಾಪ್‌ಟಾಪಿನಲ್ಲಿ. ಅದು ಕೊಳ್ಳೇಗಾಲದಲ್ಲೇ ಉಳಿದಿತ್ತು. ಅತ್ತೆಗೆ ಫೋನ್ ಮಾಡಿ ವಿಷಯ ಹೇಳಿ ಲ್ಯಾಪ್‌ಟಾಪು ಕಳಿಸಿಕೊಡಿ ಎಂದೆ, ಕೊನೆಯ ದಿನ ಯಾವುದು ಎಂದೂ ಹೇಳಿದೆ. ಅವರು "ಊಂ" ಎಂದರು, ಅಷ್ಟೇ. ಒಳ್ಳೆಯದಾಗಲಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಹೆಣ್ಣು ನೋಡಲು ಬಂದ ದಿನವೇ ಅವರು, "ಕೆಲ್ಸಕ್ಯಾಕವ್ವ ಓಗ್ಬೇಕು? ನಮ್ಮನೇಲೇ ಬೇಕಾದಷ್ಟು ಕೆಲ್ಸ ಅದೆ" ಎಂದಿದ್ದರು. ಆವತ್ತು ಎಲ್ಲರೂ ನಕ್ಕಿದ್ದರು. ನಾನು ಮಾತ್ರ ಆ ಮಾತನ್ನು ಗಂಟು ಹಾಕಿ ಇಟ್ಟುಕೊಂಡಿದ್ದೆ.

ಲ್ಯಾಪ್‌ಟಾಪು ಬಂದದ್ದು ಕೊನೆಯ ದಿನಕ್ಕೆ ಮುಂಚಿನ ದಿನ ಮಧ್ಯಾಹ್ನ. ಮೈದುನ ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಶಿಫ್ಟಿಗೆ ಹೋಗುವ ಮುಂಚೆ ಬೈಕಿನಲ್ಲಿ ತಂದುಕೊಟ್ಟ. ಒಳಗೆ ಬಾ, ಕಾಫಿ ಕುಡಿ ಎಂದರೆ ಬರಲಿಲ್ಲ. "ಟೈಮಾಗೋಯ್ತು ಅತ್ಗೆ. ಎಲ್ಲಾ ಸರಿಯಾಗದೆ, ನೋಡ್ಕಳಿ" ಎಂದು ಹಲ್ಲು ಕಿಸಿದು ಬೈಕು ತಿರುಗಿಸಿದ. ಕೇಳದೆಯೇ ಎಲ್ಲ ಸರಿಯಾಗಿದೆ ಎಂದು ಯಾರಾದರೂ ಹೇಳಿದರೆ ನನಗೆ ಅಲ್ಲೇ ಮೂಗು ಕೆರೆಯುತ್ತದೆ.

ಬ್ಯಾಗು ಬಿಚ್ಚಿದರೆ ಲ್ಯಾಪ್‌ಟಾಪಿನ ಮೇಲೆ ಕುಂಕುಮ! ಬೊಟ್ಟಿನಷ್ಟು ಕುಂಕುಮ, ಬ್ಯಾಗಿನ ಬಟ್ಟೆಗೆ ಉಜ್ಜಿಕೊಂಡು ಮುಚ್ಚಳದ ತುಂಬ ಹರಡಿತ್ತು. ನನ್ನ ಅವ್ವ ಬಗ್ಗಿ ನೋಡಿ, ದನಿ ತಗ್ಗಿಸಿ, "ಏನೇ ಇದು? ಮಾಟ ಗೀಟ ಏನಾರ..." ಎಂದಳು. ಕೊಳ್ಳೇಗಾಲ ಎಂದ ಕೂಡಲೇ ಹೊರಗಿನ ಜನ ಮಾಟದ ಮಾತೆತ್ತುತ್ತಾರೆ, ಕೇಳಿದರೆ ನಮ್ಮ ಕಡೆಯವರಿಗೆ ಮೈ ಉರಿಯುತ್ತದೆ. ಅಂಥದ್ದರಲ್ಲಿ ಹದಿನಾರು ಕಿಲೋಮೀಟರಿನ ಆಚೆಯ ಯಳಂದೂರಿನ ನನ್ನ ಅವ್ವನ ಬಾಯಲ್ಲೇ ಆ ಮಾತು. "ಸುಮ್ನಿರವ್ವ ನೀನೊಬ್ಳು" ಎಂದು ಗದರಿ ಒದ್ದೆ ಬಟ್ಟೆಯಿಂದ ಒರೆಸಿದೆ. ಆಮೇಲೆ ಬ್ಯಾಗನ್ನೂ ಮಗುಚಿ ಕೊಡವಿ ನೋಡಿದೆ.

ಫೋನಿನಿಂದ ಇಂಟರ್ನೆಟ್ ಕೊಟ್ಟು ಶಾಲೆಯ ವೆಬ್‌ಸೈಟು ಹೊಡೆದೆ. ಪುಟ ಬರಲಿಲ್ಲ. ಬದಲಿಗೆ ಕೆಂಪು ತ್ರಿಕೋನವೊಂದು ಬಂತು, ಅದರ ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು. ಕನ್ನಡದಲ್ಲಿ ಹೇಳುವುದಾದರೆ: ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ; ನಿಮ್ಮ ಮಾಹಿತಿಯನ್ನು ಯಾರೋ ಕದಿಯಲು ನೋಡುತ್ತಿರಬಹುದು. ಅಯ್ಯೋ ಶಿವನೇ ಎಂದು ಕೈ ಹಿಂದಕ್ಕೆ ತೆಗೆದೆ. ಯಾರೋ ಎಂದರೆ ಯಾರು? ಅದನ್ನು ಮಾತ್ರ ಹೇಳುವುದಿಲ್ಲ ಆ ಪುಣ್ಯಾತ್ಮ!

ಒಂದೆರಡು ಸಲ ರಿಫ್ರೆಶ್ ಒತ್ತಿದೆ, ಅದೇ ತ್ರಿಕೋನ. ನೆಟ್ ಸರಿಯಿಲ್ಲವೇನೋ ಎಂದು ಹಾಡಿನ ವಿಡಿಯೋ ಹಾಕಿ ನೋಡಿದೆ, ಚೆನ್ನಾಗಿ ಓಡಿತು. ಸೀರೆ ಮಾರುವ ಅಂಗಡಿಯೊಂದರ ಪುಟವೂ ತೆರೆಯಿತು. ನನ್ನ ಅರ್ಜಿಯ ಪುಟ ಮಾತ್ರ ಇಲ್ಲ. ಆಮೇಲೆ ಅದೇ ವಿಳಾಸವನ್ನು ಫೋನಿನಲ್ಲಿ ಹೊಡೆದೆ. ಥಟ್ಟನೆ ಬಂತು, ಶಾಲೆಯ ಚಿತ್ರ, ಅರ್ಜಿ, ಎಲ್ಲವೂ! ಅಂದರೆ ಶಾಲೆಯವರ ತಪ್ಪಿಲ್ಲ, ನೆಟ್ಟಿನ ತಪ್ಪಿಲ್ಲ. ತಪ್ಪೆಲ್ಲ ಈ ಲ್ಯಾಪ್‌ಟಾಪಿನೊಳಗೇ ಇದೆ, ಮತ್ತು ಈ ಲ್ಯಾಪ್‌ಟಾಪು ಕೊಳ್ಳೇಗಾಲದಿಂದ ಬಂದಿದೆ. ಗಣಿತ ಓದಿದವಳು ನಾನು. ಲೆಕ್ಕ ತಾನಾಗಿಯೇ ಬಿಡಿಸಿಕೊಂಡಿತು.

ಆದರೂ ಸುಮ್ಮನೆ ಬಿಡಲಿಲ್ಲ. ಬೇರೆ ಬ್ರೌಸರಿನಲ್ಲಿ ನೋಡಿದೆ. ಗುರುತು ಉಳಿಸಿಕೊಳ್ಳದ ಕಪ್ಪು ಕಿಟಕಿ ಇರುತ್ತದಲ್ಲ, ಅದರಲ್ಲಿ ನೋಡಿದೆ. ಹಳೆಯದೆಲ್ಲ ಅಳಿಸಿದರೆ ಸರಿಹೋಗುತ್ತದೆ ಎಂದು ಯಾರೋ ಬರೆದಿದ್ದನ್ನು ಓದಿ ಹಿಸ್ಟರಿ, ಕುಕೀಸು, ಕ್ಯಾಶೆ ಎಲ್ಲ ಗುಡಿಸಿ ಹಾಕಿದೆ. ಪುಟವಂತೂ ಬರಲಿಲ್ಲ, ಅದಕ್ಕೆ ಬದಲಾಗಿ ನನ್ನ ಮೇಲ್ ಕೂಡ ಮತ್ತೆ ಪಾಸ್‌ವರ್ಡ್ ಕೇಳಿತು. ಆಂಟಿವೈರಸ್ ನಿಲ್ಲಿಸಿದೆ, ಹೆದರಿ ಮತ್ತೆ ಹಾಕಿದೆ. ಆರಿಸಿ, ತಣ್ಣಗಾಗಲಿ ಎಂದು ಮಂಚದ ಮೇಲಿಟ್ಟು, ಮತ್ತೆ ಹಚ್ಚಿದೆ. ಏನು ಮಾಡಿದರೂ ಅದೇ ತ್ರಿಕೋನ, ಅದೇ ಕಳ್ಳನ ಮಾತು. ತಲೆ ಕೆಟ್ಟು ಕೆರ ಹಿಡಿಯಿತು.

"ಸೈಬರ್‌ಗಾದ್ರೂ ಓಗಿ ಆಕ್ಬುಟ್ ಬಾ" ಎಂದಳು ಅವ್ವ. ಅದೂ ಬರಲಿಲ್ಲ ಮನಸ್ಸಿಗೆ. ಯಾರೋ ಕದಿಯುತ್ತಿದ್ದಾರೆ ಎಂದು ಪರದೆಯೇ ಹೇಳುತ್ತಿರುವಾಗ ನನ್ನ ಆಧಾರು, ಅಂಕಪಟ್ಟಿಯನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಕೊಂಡು ಹೋಗಿ ಇನ್ನೊಬ್ಬರ ಕಂಪ್ಯೂಟರಿಗೆ ಸುರಿದು ಬರುವುದೇ? ಫೋನಿಗೆ ಇಳಿಸಿಕೊಂಡು ಅಲ್ಲೇ ತುಂಬೋಣವೆಂದರೆ, ಆ ಕಳ್ಳ ಫೋನಿಗೂ ಬಂದರೆ ಎಂಬ ಹೆದರಿಕೆ. ಆವತ್ತು ಕುಳಿತಲ್ಲೇ ನನ್ನ ಎಲ್ಲ ಪಾಸ್‌ವರ್ಡುಗಳನ್ನೂ ಬದಲಾಯಿಸಿದೆ. ಗಂಡನಿಗೆ ಗೊತ್ತಿದ್ದ ಒಂದನ್ನೂ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಎದ್ದವಳೇ ಮತ್ತೆ ಕೂತೆ. ಸಂಜೆ ಐದಕ್ಕೆ ಅರ್ಜಿ ಮುಗಿಯುತ್ತದೆ. ಆ ತ್ರಿಕೋನದ ಕೆಳಗೆ ಅಡ್ವಾನ್ಸ್‌ಡ್ ಎಂಬ ಗುಂಡಿಯೊಂದಿತ್ತು. ಅದನ್ನು ಮಾತ್ರ ನಾನು ಒತ್ತಿರಲಿಲ್ಲ. ಒತ್ತಿದರೆ ಕಳ್ಳನಿಗೆ ಬಾಗಿಲು ತೆಗೆದಂತೆ ಎಂದು ಬಿ.ಎಡ್. ಓದುವಾಗ ಗೆಳತಿಯೊಬ್ಬಳು ಹೆದರಿಸಿದ್ದಳು. ಹನ್ನೊಂದು ಗಂಟೆಯ ಹೊತ್ತಿಗೆ ಏನಾದರಾಗಲಿ ಎಂದು ಒತ್ತಿಯೇಬಿಟ್ಟೆ.

ಕಳ್ಳ ಬರಲಿಲ್ಲ. ಒಂದು ಪ್ರಶ್ನೆ ಬಂತು. ನಿಮ್ಮ ಕಂಪ್ಯೂಟರಿನ ಗಡಿಯಾರ ಇಂಥ ದಿನ ತೋರಿಸುತ್ತಿದೆ, ಇದು ಸರಿಯೇ? ಅಲ್ಲಿ ಬರೆದಿದ್ದ ದಿನ ಆಗಸ್ಟ್ ತಿಂಗಳ ಒಂದು ಶುಕ್ರವಾರ. ನಾವಿನ್ನೂ ಜುಲೈನಲ್ಲಿದ್ದೆವು. ಪರದೆಯ ಮೂಲೆ ನೋಡಿದೆ. ಗಂಟೆ ನಿಮಿಷ ಸರಿಯಾಗಿಯೇ ಇತ್ತು. ಅದರ ಕೆಳಗಿನ ತಾರೀಕನ್ನು ಯಾರು ನೋಡುತ್ತಾರೆ? ಹಿಂದಿನ ದಿನದಿಂದ ಕಣ್ಣೆದುರೇ ಇದ್ದದ್ದನ್ನು ನಾನು ನೋಡಿರಲಿಲ್ಲ. ಪ್ರತಿ ವೆಬ್‌ಸೈಟಿಗೂ ಒಂದು ಪ್ರಮಾಣಪತ್ರವಿರುತ್ತದೆ, ಅದಕ್ಕೊಂದು ಕೊನೆಯ ದಿನವಿರುತ್ತದೆ. ಲ್ಯಾಪ್‌ಟಾಪು ಆಗಸ್ಟಿನಲ್ಲಿ ಕೂತು ನೋಡುತ್ತಿದ್ದರಿಂದ ಶಾಲೆಯ ಪ್ರಮಾಣಪತ್ರದ ಅವಧಿ ಮುಗಿದಂತೆ ಅದಕ್ಕೆ ಕಂಡಿತ್ತು. ಸೀರೆ ಅಂಗಡಿಯವರದು ಇನ್ನೂ ಮುಂದಕ್ಕಿತ್ತು, ಹಾಗಾಗಿ ತೆರೆದಿತ್ತು.

ಗೋಡೆಯ ಕ್ಯಾಲೆಂಡರ್ ಮಗುಚಿ ಆಗಸ್ಟ್ ತೆಗೆದೆ. ಆ ಶುಕ್ರವಾರದ ಮನೆಯಲ್ಲಿ ಕೆಂಪು ಅಕ್ಷರದಲ್ಲಿ ವರಮಹಾಲಕ್ಷ್ಮಿ ವ್ರತ ಎಂದಿತ್ತು. ಗಡಿಯಾರ ಕೆಟ್ಟು ಹೀಗಾಗಿದ್ದರೆ ಹಿಂದಕ್ಕೋ ಮುಂದಕ್ಕೋ ಎಲ್ಲಿಗಾದರೂ ಹೋಗಬಹುದಿತ್ತು. ಸರಿಯಾಗಿ ಹಬ್ಬದ ಮೇಲೆ ಬಂದು ಕೂರುವುದು ಹೇಗೆ? ಇದು ಪಂಚಾಂಗ ಬಲ್ಲ ಕೈ. ಮೈದುನನಿಗೆ ಏಕಾದಶಿ ಯಾವುದು, ಅಮಾವಾಸ್ಯೆ ಯಾವುದು ಗೊತ್ತಿಲ್ಲ. ಉಳಿದವರು ಅತ್ತೆ. ಕೊನೆಯ ದಿನ ನಾನೇ ಹೇಳಿದ್ದೆನಲ್ಲ, ಅದು ದಾಟಿದ ತಾರೀಕೊಂದನ್ನು ಇಡಿಸಿ ಕಳಿಸಿದ್ದಾರೆ ಎಂದುಕೊಂಡೆ. ನನ್ನ ಮೈಯೆಲ್ಲ ಉರಿದುಹೋಯಿತು. ಬಾಯಿಬಿಟ್ಟು ಬೇಡ ಎಂದಿದ್ದರೆ ಜಗಳವಾಡುತ್ತಿದ್ದೆ, ಅಷ್ಟೇ. "ಊಂ" ಎಂದಷ್ಟೇ ಹೇಳಿ ಹಿಂದಿನಿಂದ ಹೀಗೆ ಮಾಡುವುದೇ ಎಂದು ಅಳು ಬಂತು. ತಾರೀಕು ಸರಿಮಾಡುವುದನ್ನೂ ಬಿಟ್ಟು ಮೊದಲು ಗಂಡನಿಗೆ ಫೋನ್ ಹಚ್ಚಿದೆ.

ಅವರು ಮಗ್ಗದಲ್ಲಿದ್ದರು. ಮಗ್ಗದಲ್ಲಿ ಕೂತವರಿಗೆ ಎರಡು ಕೈಯೂ ಬೇಕು, ಎರಡು ಕಾಲೂ ಬೇಕು. ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟುಕೊಂಡೇ ಮಾತಾಡುವುದು. ಅದು ನನಗೆ ಗೊತ್ತಿಲ್ಲದ್ದಲ್ಲ. ಹಿಂದಿನಿಂದ ಟಕ್ ಟಕ್ ಎಂದು ಮಗ್ಗದ ಸದ್ದು ಕೇಳುತ್ತಲೇ ಇತ್ತು. ಸಿಟ್ಟಿನಲ್ಲಿ ನನಗೆ ಅದ್ಯಾವುದರ ಮೇಲೂ ಗಮನವಿರಲಿಲ್ಲ.

"ನಿಮ್ಮವ್ವ ಮಾಡಿರೋ ಕೆಲ್ಸ ಗೊತ್ತಾ ನಿಮ್ಗೆ?" ಎಂದೆ. "ನಾನು ಕೆಲ್ಸಕ್ ಓಗ್ಬಾರ್ದು ಅಂತ ಲ್ಯಾಪ್‌ಟಾಪಲ್ಲಿ ತಾರೀಕೇ ಬದಲಾಯ್ಸಿ ಕಳ್ಸವ್ರೆ! ಕಳ್ಳಿ ಕೆಲ್ಸ ಅಲ್ವಾ ಇದು? ಬ್ಯಾಡ ಅಂತ ಬಾಯ್ಬುಟ್ಟು ಯೋಳಕ್ಕೆ ಏನಾಗಿತ್ತು ಅವ್ರಿಗೆ?"

ಮಗ್ಗ ನಿಂತಿತು. ಗಂಡ "ಲೇ..." ಎಂದು ಏನೋ ಹೇಳಲು ಹೋಗಿ ನಿಲ್ಲಿಸಿದರು. ಆಮೇಲೆ ಸ್ವಲ್ಪ ದೂರದಿಂದ ಅತ್ತೆಯ ದನಿ ಬಂತು.

"ನಾನೇ ಮಾಡ್ಸಿದ್ದು ಕಣವ್ವ."

ಫೋನು ಸ್ಪೀಕರಿನಲ್ಲಿದೆ ಎಂಬುದು ನನಗೆ ಆಗಷ್ಟೇ ನೆನಪಾಯಿತು.

"ಕಡೇ ದಿನ ಆಸಾಡ್ದಲ್ಲೇ ಬಿದ್ದದೆ ಅಂದ್ಯಲ್ಲ, ದಿಗ್ಲಾಗೋಯ್ತು ನಂಗೆ" ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. "ಆಸಾಡ್ದಲ್ಲಿ ಆಕಿದ್ ಅರ್ಜಿ ಕೈಗೂಡ್ತದಾ? ನೀನೋ ಅಷ್ಟು ಆಸೆ ಮಡಿಕಂಡಿದ್ದೀಯ. ಅದ್ಕೇ ಚಿಕ್ಕೋನ್ಗೆ ಏಳ್ದೆ, ಅದ್ರಲ್ಲಿ ಹಬ್ಬದ್ ತಾರೀಕ್ ಆಕ್ಕೊಡು ಕಣ್ಲಾ, ನಿಮ್ಮತ್ಗೆ ಅರ್ಜಿ ಕಳ್ಸೋವಾಗ ಒಳ್ಳೇ ದಿನ ಬೀಳ್ಲಿ ಅಂತ. ಆಸಾಡ್ದಲ್ಲಿ ಮಗ್ಗದಿಂದ ಇಳ್ದ ಸೀರೆಗೂ ನಾವು ಸ್ರಾವಣದ್ ತಾರೀಕೇ ಅಲ್ವಾ ಚೀಟಿ ಮೇಲೆ ಬರ್ಯೋದು? ಅಂಗೇ ಅಂದ್ಕಂಡೆ. ದೇವ್ರ ಮುಂದೆ ಮಡಗಿ, ಕುಂಕುಮ ಇಟ್ಟು ಕಳ್ಸುದ್ನಲ್ಲ. ಅದ್ರಿಂದ ನಿನ್ ಕೆಲ್ಸಕ್ಕೇ ಅಡ್ಡ ಆಯ್ತದೆ ಅಂತ ನಂಗೇನ್ ಗೊತ್ತವ್ವ?"

ಅತ್ತೆ ಎಂದೆ, ಇನ್ನೊಂದು ಸಲ ಅತ್ತೆ ಎಂದೆ.

"ಅದೆಲ್ಲ ಆಮೇಲಾಯ್ತದೆ. ಈಗ ಸರಿ ಮಾಡ್ಕಂಡು ಕಳ್ಸು, ಒತ್ತಾಯ್ತದೆ" ಎಂದರು.

ಮೂಲೆಯ ತಾರೀಕಿನ ಮೇಲೆ ಒತ್ತಿ, ತಾನಾಗಿಯೇ ಹೊಂದಿಕೊಳ್ಳುವಂತೆ ಬಿಟ್ಟೆ. ಮೈದುನ ಅದನ್ನು ಆಫ್ ಮಾಡಿಟ್ಟಿದ್ದ. ಆಗಸ್ಟ್ ಹೋಗಿ ಜುಲೈ ಬಂತು. ಪುಟ ತೆರೆಯಿತು, ತ್ರಿಕೋನವೂ ಇಲ್ಲ, ಏನೂ ಇಲ್ಲ. ಹೆಸರು, ಓದು, ವಿಳಾಸ ತುಂಬಿದೆ. ವಿಳಾಸ ಎಂದಲ್ಲಿ ಕೊಳ್ಳೇಗಾಲದ ಮನೆಯದನ್ನು ಬರೆಯುವಾಗ ಕಣ್ಣು ಮಂಜಾಗಿ ಒಂದು ಸಾಲು ಅಳಿಸಿ ಮತ್ತೆ ಬರೆದೆ. ಅಂಕಪಟ್ಟಿಗಳು ಒಂದೊಂದಾಗಿ ಏರಿದವು. ಫೋನು ಇನ್ನೂ ಹಚ್ಚಿಯೇ ಇತ್ತು. ಆ ಕಡೆ ಯಾರೂ ಮಗ್ಗ ಮುಟ್ಟಿರಲಿಲ್ಲ. ಕೊನೆಯ ಗುಂಡಿ ಒತ್ತಿ, ಅರ್ಜಿ ಸ್ವೀಕರಿಸಲಾಗಿದೆ ಎಂದು ಬಂದ ಮೇಲೆ, "ಓಯ್ತು ಅತ್ತೆ" ಎಂದೆ.

"ಓಯ್ತಲ್ಲ, ಸರಿ ಬುಡು" ಎಂದರು. ಆಮೇಲೆ, "ನನ್ನ ಕಳ್ಳಿ ಅಂದ್ಯಲ್ಲ ಮಗ, ಅದ್ಕಾದ್ರೂ ಒಸಿ ಒಳ್ಳೇ ದಿನ ನೋಡ್ಬಾರ್ದಾಗಿತ್ತಾ?" ಎಂದರು.

ಗಂಡ ಗೊಳ್ಳೆಂದು ನಕ್ಕರು. ಅತ್ತೆಯೂ ನಕ್ಕಂತೆ ಕೇಳಿಸಿತು. ನಾನೂ ನಗಬೇಕೆಂದು ನೋಡಿದೆ, ಆಗಲಿಲ್ಲ. ಫೋನ್ ಇಟ್ಟ ಮೇಲೆ ಅವ್ವನ ಮುಂದೆ ಕೂತು ಚೆನ್ನಾಗಿ ಅತ್ತುಬಿಟ್ಟೆ. ಅವ್ವ ಕುಂಕುಮದ ಮಾತು ಎತ್ತದೆ ಒಳಗೆ ಹೋಗಿ ಕಾಫಿ ಇಟ್ಟಳು.

ಕೆಲಸ ಸಿಕ್ಕಿತು. ಆಷಾಢದಲ್ಲಿ ಹಾಕಿದ ಅರ್ಜಿಯೇ ಕೈಗೂಡಿತು. ಈಗ ದಿನಾ ಕೊಳ್ಳೇಗಾಲದಿಂದ ಹನೂರಿನ ಬಸ್ಸು ಹಿಡಿಯುತ್ತೇನೆ. ನನ್ನ ಡಬ್ಬಿ ಕಟ್ಟುವುದು ಅತ್ತೆಯೇ. ಚಟ್ನಿ ಚೆಲ್ಲಬಾರದೆಂದು ಮುಚ್ಚಳಕ್ಕೆ ಬಾಳೆಲೆ ಹೊದಿಸಿ ಕಟ್ಟುತ್ತಾರೆ. ನಮ್ಮ ಸೊಸೆ ಮೇಡಮ್ಮು ಎಂದು ನೂಲು ತರುವವರ ಹತ್ತಿರವೆಲ್ಲ ಹೇಳಿಕೊಂಡಿದ್ದಾರೆ. ಆ ಫೋನಿನ ಮಾತನ್ನು ಅವರು ಮತ್ತೆಂದೂ ಎತ್ತಲಿಲ್ಲ. ನಾನು ಕ್ಷಮಿಸಿ ಎನ್ನಲು ಹೋದರೆ "ಯಾವ್ದವ್ವ ಅದು, ನಂಗೆ ಗ್ಯಾಪ್ನಾನೇ ಇಲ್ಲ" ಎಂದು ಒಲೆಯ ಕಡೆ ತಿರುಗಿದರು.

ಆದರೆ ಬೆಳಿಗ್ಗೆ ಅವರು ಕೋಣೆ ಒರೆಸುವುದನ್ನು ನಾನು ನೋಡುತ್ತೇನೆ. ಕಿಟಕಿ ಒರೆಸುತ್ತಾರೆ, ಕನ್ನಡಿ ಒರೆಸುತ್ತಾರೆ, ಮೇಜು ಒರೆಸುತ್ತಾರೆ. ಲ್ಯಾಪ್‌ಟಾಪಿನ ಹತ್ತಿರ ಬಂದಾಗ ಮಾತ್ರ ಬಟ್ಟೆ ಅದರ ಅಂಚಿನವರೆಗೆ ಬಂದು ಸುತ್ತಿಕೊಂಡು ಹೋಗುತ್ತದೆ. ಮೇಲಿನ ಧೂಳು ಹಾಗೆಯೇ ಇರುತ್ತದೆ. ಮೊನ್ನೆ ತಡೆಯಲಾರದೆ, "ಎತ್ತಿ ಒರೆಸಿ ಅತ್ತೆ, ಏನೂ ಆಗಲ್ಲ" ಎಂದೆ. ನನಗೇ ಗೊತ್ತಿಲ್ಲದೆ ದನಿ ಜೋರಾಗಿತ್ತು.

ಅತ್ತೆ ಬಟ್ಟೆಯನ್ನು ಬಕೀಟಿನಲ್ಲಿ ಅದ್ದಿ ಹಿಂಡಿದರು.

"ಬ್ಯಾಡ ಬುಡವ್ವ" ಎಂದರು. "ಆಮೇಲೆ ಅದ್ರೊಳ್ಗೆ ಏನಾರ ಕಾಣೆ ಆದ್ರೆ?"