ಸೊಂಟದ ಎಕ್ಸ್‌ರೇ

ಸಂತಪುರದ ಆಚೆಯ ವಸ್ತಿಯಲ್ಲಿ ಕುರಿ ಸಾಕುವ ಧೊಂಡಿಬಾನ ಮನೆಯಲ್ಲಿ ಪಿಯುಸಿ ಪಾಸಾದವಳು ಮಲ್ಲೇಶ್ವರಿ ಒಬ್ಬಳೇ. ಅಣ್ಣಂದಿರು ಏಳನೇ ತರಗತಿಗೇ ಶಾಲೆ ಬಿಟ್ಟು ಕುರಿಗಳ ಹಿಂದೆ ಹೋಗಿದ್ದರು. ಇವಳನ್ನು ಔರಾದಿನ ಹಾಸ್ಟೆಲ್ಲಿನಲ್ಲಿಟ್ಟು ಓದಿಸಿದ್ದು ತಾಯಿ ಜನಾಬಾಯಿಯ ಹಟ. ಸೈನ್ಸ್ ತೆಗೆದುಕೊಂಡಿದ್ದಳು, ಅಂಕ ಅಷ್ಟಕ್ಕಷ್ಟೇ ಬಂದವು, ನರ್ಸಿಂಗ್ ಸೀಟು ಸಿಗಲಿಲ್ಲ. ಬೀದರಿನ ಒಂದು ಪ್ಯಾರಾಮೆಡಿಕಲ್ ಕಾಲೇಜಿನಲ್ಲಿ ಡಿಪ್ಲೊಮಾಗೆ ಮುಂಚೆ ಒಂದು ಸಣ್ಣ ಪರಿಚಯ ಕೋರ್ಸ್ ಇಡುತ್ತಾರೆ, ಕೆಲಸವನ್ನು ಹತ್ತಿರದಿಂದ ನೋಡಿ ಒಗ್ಗಿದರೆ ಮುಂದುವರಿಯಬಹುದು, ಇಲ್ಲದಿದ್ದರೆ ಬಿಡಬಹುದು ಎಂದು ಹಾಸ್ಟೆಲ್ ವಾರ್ಡನ್ ಹೇಳಿದರು. ಲ್ಯಾಬು, ಡಯಾಲಿಸಿಸ್, ಎಕ್ಸ್‌ರೇ ಎಂದು ಮೂರು ದಾರಿಗಳಿದ್ದವು. ರಕ್ತ ಕಂಡರೆ ತಲೆ ತಿರುಗುತ್ತಿದ್ದ ಮಲ್ಲೇಶ್ವರಿ ಎಕ್ಸ್‌ರೇ ಆರಿಸಿಕೊಂಡಳು. ಅಲ್ಲಿ ರಕ್ತ ಇರುವುದಿಲ್ಲ ಎಂಬುದು ಅವಳ ಲೆಕ್ಕ.

ಆ ಲೆಕ್ಕ ಮೊದಲ ವಾರದಲ್ಲೇ ತಪ್ಪಿತು. ಬೆಳಿಗ್ಗೆ ಕಾಲೇಜಿನಲ್ಲಿ ಪಾಠ, ಮಧ್ಯಾಹ್ನ ಆಸ್ಪತ್ರೆಯ ಎಕ್ಸ್‌ರೇ ಕೋಣೆ. ಹೈವೇಯಲ್ಲಿ ಬೈಕಿನಿಂದ ಬಿದ್ದವರು, ಕಟ್ಟಡದ ಮೇಲಿನಿಂದ ಉರುಳಿದ ಕೂಲಿಗಳು, ಎಲ್ಲರೂ ಆ ಮೇಜಿನ ಮೇಲೆಯೇ ಬರುತ್ತಿದ್ದರು. ಮುರಿದ ಕಾಲನ್ನು ಪ್ಲೇಟಿನ ಮೇಲೆ ನೇರ ಮಾಡಿದರಷ್ಟೇ ಚಿತ್ರ ಸರಿ ಬರುತ್ತದೆ. ನೇರ ಮಾಡುವಾಗ ಅವರು ಕೂಗುತ್ತಿದ್ದರು. ಮೊದಲ ಸಲ ಮಲ್ಲೇಶ್ವರಿ ಹೊರಗೆ ಬಂದು ಗೋಡೆ ಹಿಡಿದು ಕುಳಿತಳು. ಆಮೇಲೆ ಕೂಗಿನ ನಡುವೆಯೂ ಕೈ ಗಟ್ಟಿ ಹಿಡಿಯುವುದು ಬಂತು. ಅದು ತನಗೆ ಇಷ್ಟು ಬೇಗ ಬಂದದ್ದು ನೋಡಿ ಅವಳಿಗೇ ಒಂಥರಾ ಅನಿಸಿತು.

ಕಲಿಸುತ್ತಿದ್ದವರು ಸುಶೀಲಕುಮಾರ. ಖಟಕ ಚಿಂಚೋಳಿಯ ಬೌದ್ಧ ಕುಟುಂಬದವರು, ಭಾಲ್ಕಿಯಲ್ಲಿ ಮನೆ, ಹಳೆಯ ಟೆಕ್ನಿಷಿಯನ್. ಮಾತು ಕಡಿಮೆ. ಒಂದು ಸಂಗತಿಯನ್ನು ಮಾತ್ರ ಅವರು ದಿನಾ ಹೇಳುತ್ತಿದ್ದರು: ಹೆಣ್ಣುಮಕ್ಕಳ ಹೊಟ್ಟೆ ಅಥವಾ ಸೊಂಟದ ಎಕ್ಸ್‌ರೇ ಇದ್ದರೆ, ಬಸುರಿದ್ದಾಳೆಯೇ ಎಂದು ಮೊದಲು ಕೇಳಬೇಕು. ಗಂಡ, ಅತ್ತೆ ಎದುರು ಕೇಳಬಾರದು, ಅವರನ್ನು ಹೊರಗೆ ಕಳಿಸಿ ಕೇಳಬೇಕು. ಕೇಳದೆ ಬಟನ್ ಒತ್ತಬಾರದು. ಒಳಗಿರುವ ಕೂಸಿಗೆ ಆ ಕಿರಣ ತಾಗಬಾರದು.

ಗಂಡುಹುಡುಗರು ಕೇಳಲು ನಾಚುತ್ತಿದ್ದರು. ಆ ಕೆಲಸ ಮಲ್ಲೇಶ್ವರಿ ಮತ್ತು ಅವಳ ಜೊತೆಗಾತಿ ಸಾನಿಯಾಳ ಪಾಲಿಗೆ ಬಂತು. ಮಲ್ಲೇಶ್ವರಿ ಕನ್ನಡವನ್ನೂ ಮರಾಠಿಯನ್ನೂ ಬೆರೆಸಿ, ಸೆರಗಿನ ಪಿನ್ನು ಬಿಚ್ಚಲು ಸಹಾಯ ಮಾಡುತ್ತಾ, ಮೆಲ್ಲಗೆ ಕೇಳುತ್ತಿದ್ದಳು. ಹೆಂಗಸರು ಅವಳಿಗೆ ಉತ್ತರ ಕೊಡುತ್ತಿದ್ದರು. ಕೇಳದ ವಿಷಯಗಳನ್ನೂ ಕೆಲವರು ಹೇಳಿಕೊಳ್ಳುತ್ತಿದ್ದರು. ಈ ಕೆಲಸ ತನ್ನಿಂದ ಆಗುತ್ತದೆ ಎಂದು ಅವಳಿಗೆ ಅನಿಸಿದ್ದು ಆ ಪರದೆಯ ಹಿಂದೆಯೇ.

ಕೋರ್ಸ್ ಅರ್ಧ ಮುಗಿದಿದ್ದಾಗ ಒಂದು ಮಧ್ಯಾಹ್ನ ಮಹಿಳಾ ಪೇದೆಯೊಬ್ಬಳು ಒಂದು ಹುಡುಗಿಯನ್ನು ಕರೆತಂದಳು. ಹೆಸರು ಗೋದಾವರಿ. ಔರಾದ ತಾಲೂಕಿನವಳೇ, ಮಲ್ಲೇಶ್ವರಿಯ ಹಾಗೆ ಕುರಿಯವರ ಮನೆಯವಳು, ಆದರೆ ಶಾಲೆಯ ಮುಖ ನೋಡಿರಲಿಲ್ಲ. ಹುಟ್ಟಿದ್ದು ಕುರಿಗಳು ಬೀಡುಬಿಟ್ಟಿದ್ದ ಯಾವುದೋ ಹೊಲದಲ್ಲಿ. ಸಂತೆಗೆ ಕುರಿ ಸಾಗಿಸುತ್ತಿದ್ದ ಮಾಲಿನ ಆಟೊ ಡ್ರೈವರ್ ಧಮ್ಮಪಾಲನ ಜೊತೆ ಜಹೀರಾಬಾದಿಗೆ ಹೋಗಿ ಸಂಸಾರ ಹೂಡಿದ್ದಳು. ಧಮ್ಮಪಾಲ ಬೌದ್ಧರ ಹುಡುಗ. ಅಪ್ಪ ಠಾಣೆಗೆ ಹೋಗಿ, ಮಗಳಿಗೆ ಹದಿನಾರು, ಅಪಹರಿಸಿದ್ದಾನೆ ಎಂದು ದೂರು ಕೊಟ್ಟ. ಪೊಲೀಸರು ಇಬ್ಬರನ್ನೂ ಹಿಡಿದು ತಂದರು. ಹುಡುಗಿ ಹತ್ತೊಂಬತ್ತು ಎನ್ನುತ್ತಿದ್ದಳು. ಜನನದ ದಾಖಲೆ ಇಲ್ಲ, ಶಾಲೆಯ ದಾಖಲೆಯೂ ಇಲ್ಲ. ಎಲುಬು ನೋಡಿ ವಯಸ್ಸು ಹೇಳಿ ಎಂದು ಆದೇಶವಾಗಿತ್ತು.

ಸುಶೀಲಕುಮಾರ ಆದೇಶದ ಕಾಗದ ಓದಿದರು. ಹುಡುಗನ ಹೆಸರಿನ ಹತ್ತಿರ ಕಣ್ಣು ಸ್ವಲ್ಪ ನಿಂತಿತು. ನಂತರ ವಿದ್ಯಾರ್ಥಿಗಳಿಗೆ ವಿವರಿಸಿದರು. ಬೆಳೆಯುವ ಮಕ್ಕಳ ಎಲುಬಿನ ತುದಿಯಲ್ಲಿ ಒಂದು ಗೆರೆ ಇರುತ್ತದೆ, ಬೆಳವಣಿಗೆ ಮುಗಿದ ಹಾಗೆ ಮುಚ್ಚಿಕೊಳ್ಳುತ್ತದೆ. ಮೊದಲು ಮೊಣಕೈಯಲ್ಲಿ, ಆಮೇಲೆ ಮಣಿಕಟ್ಟಿನಲ್ಲಿ, ಎಲ್ಲಕ್ಕಿಂತ ತಡವಾಗಿ ಸೊಂಟದ ಎಲುಬಿನಲ್ಲಿ. ಹದಿನೆಂಟು ದಾಟಿದೆಯೇ ಇಲ್ಲವೇ ಎಂಬುದಕ್ಕೆ ಸೊಂಟದ ಚಿತ್ರವೇ ಹೆಚ್ಚಿನ ಆಧಾರ. ಹಾಗಿದ್ದರೂ ಎರಡು ವರ್ಷ ಆಚೀಚೆ ಆಗಬಹುದು ಎಂದರು. ಬಳಿಕ ಮಲ್ಲೇಶ್ವರಿಯ ಕಡೆ ನೋಡಿ, ಹುಡುಗಿಯನ್ನು ಪರದೆಯ ಹಿಂದೆ ಕರೆದೊಯ್ದು ಬಟ್ಟೆ ಬದಲಿಸಿ, ಕೇಳಬೇಕಾದದ್ದನ್ನು ಕೇಳು ಎಂದರು.

ಗೋದಾವರಿ ಸಣ್ಣಗೆ, ಗಟ್ಟಿಯಾಗಿದ್ದಳು. ಕೈಯಲ್ಲಿ ಹಸಿರು ಬಳೆಗಳಿದ್ದವು. ಎಕ್ಸ್‌ರೇಗೆ ತೆಗೆಯಬೇಕೆಂದಾಗ ಒಂದೊಂದಾಗಿ ತೆಗೆದು ಮಲ್ಲೇಶ್ವರಿಯ ಕೈಗೆ ಕೊಟ್ಟಳು. ತನಗಿಂತ ಒಂದು ವರ್ಷ ಸಣ್ಣವಳಾದ ಮಲ್ಲೇಶ್ವರಿಯನ್ನು ಅವಳು ಅಕ್ಕ ಎಂದೇ ಕರೆಯುತ್ತಿದ್ದಳು, ಬಿಳಿ ಕೋಟು ಹಾಕಿದವರನ್ನು ಕರೆಯುವ ಹಾಗೆ.

ಹೊರಗಾಗಿ ಎಷ್ಟು ದಿನವಾಯಿತು ಎಂದು ಮಲ್ಲೇಶ್ವರಿ ಕೇಳಿದಳು. ಗೋದಾವರಿ ಪರದೆಯ ಸಂದಿಯಿಂದ ಪೇದೆ ಎಲ್ಲಿದ್ದಾಳೆ ಎಂದು ನೋಡಿದಳು.

"ಎರಡ ತಿಂಗಳ ಮ್ಯಾಲಾತ್ರಿ ಅಕ್ಕ. ಯಾರಿಗೂ ಹೇಳಿಲ್ಲ. ಅವರಿಗೂ ಹೇಳಿಲ್ಲ, ಹೇಳೂದ್ರಾಗ ಪೊಲೀಸ್ರು ಬಂದ್ರು."

ಹಾಗಿದ್ದರೆ ಸೊಂಟದ ಎಕ್ಸ್‌ರೇ ತೆಗೆಯಲು ಬರುವುದಿಲ್ಲ, ಒಳಗಿನ ಕೂಸಿಗೆ ತೊಂದರೆ ಆಗಬಹುದು ಎಂದು ಮಲ್ಲೇಶ್ವರಿ ಕಲಿತದ್ದನ್ನು ಹೇಳಿದಳು. ಪರದೆಯ ಆಚೆ ಸರ್ ವಿವರಿಸಿದ್ದನ್ನು ಗೋದಾವರಿಯೂ ಕೇಳಿಸಿಕೊಂಡಿದ್ದಳು.

"ಸೊಂಟದ್ದು ತೆಗದ್ರ ನಾ ದೊಡ್ಡಾಕಿ ಅಂತ ಗೊತ್ತಾಗ್ತದಲ್ರಿ?"

"ಗೊತ್ತಾಗಬಹುದು. ಖಾತ್ರಿ ಇಲ್ಲ."

"ಹಂಗಾರ ತೆಗೀರಿ. ನಾ ಬಸುರಿಲ್ಲ ಅಂದೆ ಅಂತ ಹೇಳ್ರಿ. ಸಣ್ಣಾಕಿ ಅಂತ ಬರದ್ರ ಅವರಿಗೆ ಜೇಲು, ನನಗ ಅಪ್ಪನ ಮನಿ. ಆಮ್ಯಾಲ ಈ ಕೂಸು ಉಳೀತದೇನ್ರಿ ಅಕ್ಕ?"

ಮಲ್ಲೇಶ್ವರಿ ಅವಳ ಬಳೆಗಳನ್ನು ಹಿಡಿದುಕೊಂಡು ನಿಂತಳು. ಹೊರಗಿನಿಂದ ಸುಶೀಲಕುಮಾರ, ಆಯಿತೇ ಎಂದು ಕೇಳಿದರು. ಅವಳು ಹೊರಗೆ ಬಂದು, ಪೇದೆಗೆ ಕೇಳಿಸದ ಹಾಗೆ, ಇದ್ದದ್ದನ್ನು ಅವರಿಗೆ ಹೇಳಿದಳು. ಒಂದು ಜೀವವನ್ನು ಕಿರಣದ ಕೆಳಗೆ ಮಲಗಿಸಿ ಸುಮ್ಮನಿರುವುದು ಅವಳಿಂದ ಆಗಲಿಲ್ಲ.

ಸುಶೀಲಕುಮಾರ ಡಾಕ್ಟರ ಬಳಿ ಹೋಗಿ ಬಂದರು. ಮೂತ್ರ ಪರೀಕ್ಷೆ ಮಾಡಿಸಿದರು, ಬಸುರು ಖಾತ್ರಿಯಾಗಿ ಕಾಗದಕ್ಕೆ ಏರಿತು. ಸೊಂಟ ಬೇಡ, ಕೈ ಮತ್ತು ಭುಜ ಸಾಕು ಎಂದು ಡಾಕ್ಟರು ಹೇಳಿದರು. ಗೋದಾವರಿಯ ಮಣಿಕಟ್ಟನ್ನು ಪ್ಲೇಟಿನ ಮೇಲೆ ಇಟ್ಟು ಬೆರಳು ಬಿಡಿಸಿದ್ದು ಮಲ್ಲೇಶ್ವರಿಯೇ. ಸೀಸದ ಏಪ್ರನ್ ಅನ್ನು ಅವಳ ಹೊಟ್ಟೆಯ ಮೇಲೆ ಹೊದಿಸಿದ್ದೂ ಅವಳೇ. ಗೋದಾವರಿ ಹೇಳಿದ ಹಾಗೆ ಕೈ ಇಟ್ಟಳು, ತಿರುಗಿಸು ಎಂದಾಗ ತಿರುಗಿಸಿದಳು. ಬಳೆಗಳನ್ನು ವಾಪಸು ಕೊಟ್ಟಾಗ ತೊಡಲಿಲ್ಲ, ಸೆರಗಿನ ತುದಿಗೆ ಕಟ್ಟಿಕೊಂಡಳು. ಹೊರಗೆ ಪೇದೆ, ಹುಡುಗಿ ಬಸುರಿ ಎಂದು ಫೋನಿನಲ್ಲಿ ಠಾಣೆಗೆ ತಿಳಿಸುತ್ತಿದ್ದಳು.

ಹದಿನಾರು ದಾಟಿದೆ, ಆದರೆ ಹದಿನೆಂಟು ದಾಟಿದೆ ಎಂದು ಖಾತ್ರಿಯಾಗಿ ಹೇಳಲಾಗದು. ಡಾಕ್ಟರು ಕೊಟ್ಟ ವರದಿಯ ಸಾರ ಅಷ್ಟೇ. ಸಂಬಂಧಪಟ್ಟವರು ಅವಳನ್ನು ಅಪ್ರಾಪ್ತೆ ಎಂದು ತೆಗೆದುಕೊಂಡರು. ಧಮ್ಮಪಾಲನನ್ನು ಜೈಲಿಗೆ ಕಳಿಸಿದರು, ಗೋದಾವರಿಯನ್ನು ಬಾಲಕಿಯರ ಸರ್ಕಾರಿ ಬಾಲಮಂದಿರದಲ್ಲಿ ಇಟ್ಟರು.

ಕೆಲವು ವಾರಗಳ ನಂತರ ಅದೇ ಪೇದೆ ಬೇರೆ ಯಾವುದೋ ಕೇಸಿಗೆ ಬಂದಿದ್ದಾಗ, ಮಲ್ಲೇಶ್ವರಿ ಗೋದಾವರಿಯ ಬಗ್ಗೆ ವಿಚಾರಿಸಿದಳು. ಪೇದೆ ನೀರು ಕುಡಿಯುತ್ತಿದ್ದಳು. ಬಾಟಲಿ ಮುಚ್ಚಿ ಹೇಳಿದಳು:

"ಹೊಟ್ಟ್ಯಾಗಿಂದು ತಗಿಸ್ಯಾರವ್ವ. ಸಣ್ಣಾಕಿ ಅಂತ ಆದಮ್ಯಾಲ ಅವರಪ್ಪನ ಸಹಿ ನಡೀತದ. ಬ್ಯಾಡ ಅಂತ ಭಾಳ ಅತ್ತಳು. ಯಾರು ಕೇಳ್ತಾರ?"

ಅಂದು ಮಲ್ಲೇಶ್ವರಿ ಮೂವರು ರೋಗಿಗಳನ್ನು ಎಕ್ಸ್‌ರೇಗೆ ಸಿದ್ಧ ಮಾಡಿದಳು. ಸಾಯಂಕಾಲ ಕಾಲೇಜಿನ ಹಾಸ್ಟೆಲ್ಲಿನಲ್ಲಿ ಸಾನಿಯಾಳ ಎದುರು ತಟ್ಟೆ ಇಟ್ಟುಕೊಂಡು ಕುಳಿತಳು. ಯಾವ ಕೂಸಿಗೆ ಕಿರಣ ತಾಗಬಾರದೆಂದು ಬಾಯಿ ಬಿಟ್ಟಿದ್ದಳೋ ಆ ಕೂಸು ಹೋಗಿತ್ತು. ತಾನು ಬಾಯಿ ಬಿಟ್ಟದ್ದರಿಂದಲೇ ಹೋಯಿತೇ ಎಂದು ಸಾನಿಯಾಳನ್ನು ಕೇಳಿದಳು. ಸಾನಿಯಾ ಅವಳ ಕೈ ಹಿಡಿದುಕೊಂಡಳು, ಇಲ್ಲ ಎಂದು ಹೇಳಲಿಲ್ಲ.

ಶನಿವಾರ ವಸ್ತಿಗೆ ಹೋದಳು. ಮನೆಯ ಮುಂದೆ ಒಂದು ಹೊಸ ಕುರಿಮರಿ ಕಟ್ಟಿತ್ತು. ಒಳಗೆ ಪರಿಚಯವಿಲ್ಲದ ಗಂಡಸೊಬ್ಬ ಅಪ್ಪನ ಜೊತೆ ಚಹಾ ಕುಡಿಯುತ್ತಿದ್ದ, ರುಮಾಲು ತೊಡೆಯ ಮೇಲಿತ್ತು. ಇವಳನ್ನು ಕಂಡು ಎದ್ದು ನಿಂತು ಕೈಮುಗಿದ. ಗೋದಾವರಿಯ ಅಪ್ಪ.

"ನಮ್ಮ ಮಂದಿ ಮಗಳು ಅಲ್ಲಿದ್ದಳು ಅಂತ ನಮ್ಮ ಮಾನ ಉಳೀತು ತಂಗಿ. ಬ್ಯಾರೆಯವರಿದ್ರ ಆ ಹುಡುಗನ ಕಡೀನೇ ಬರೀತಿದ್ರು. ಆ ಎಕ್ಸ್‌ರೇ ಮಾಸ್ತರನೂ ಅವರಾಂವನ ಅದಾನಂತ."

ತಾನು ಏನನ್ನೂ ಬರೆದಿಲ್ಲ, ಯಾರ ಕಡೆಯೂ ನಿಂತಿಲ್ಲ ಎಂದು ಹೇಳಲು ಮಲ್ಲೇಶ್ವರಿ ಬಾಯಿ ತೆರೆದಳು. ಆದರೆ ಆ ಮನುಷ್ಯನ ಕಣ್ಣಲ್ಲಿ ನಿಜವಾದ ಕೃತಜ್ಞತೆ ಇತ್ತು, ಅದನ್ನು ಕಂಡು ಅವಳು ತಾಯಿಯ ಬಳಿ ಒಲೆಯ ಕಡೆ ಹೋದಳು. ಅವನು ಹೋದ ಮೇಲೆ, ಮರಿಯನ್ನು ವಾಪಸು ಕಳಿಸು ಎಂದು ಅಪ್ಪನನ್ನು ಕೇಳಿದಳು. ಬೀಗರ ಪೈಕಿಯವನು, ಪ್ರೀತಿಯಿಂದ ತಂದದ್ದು, ಹೇಗೆ ಹಿಂದಕ್ಕೆ ಕೊಡುವುದು ಎಂದು ಧೊಂಡಿಬಾ ಗಲಿಬಿಲಿಗೊಂಡ. ಅವಳು ಕಾರಣ ಹೇಳಿದಳು, ಎಲ್ಲವನ್ನೂ, ಪರದೆಯ ಹಿಂದಿನ ಮಾತನ್ನೂ. ಅಪ್ಪ ನೆಲ ನೋಡುತ್ತಾ ಕುಳಿತ. ಜನಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಆ ಹುಡುಗಿ ನಿನಗಿಂತ ದೊಡ್ಡಾಕಿನೇ ಅದಾಳ" ಎಂದಳು ಜನಾಬಾಯಿ ನಿಧಾನವಾಗಿ. "ಆಕಿ ಹುಟ್ಟಿದ್ದು ನಾ ನೋಡೀನಿ. ನಮ್ಮ ಕುರಿ, ಅವರ ಕುರಿ ಒಂದೇ ಹೊಲದಾಗ ಕೂತಿದ್ವು. ನೀ ಆಗ ಹೊಟ್ಟ್ಯಾಗೂ ಇದ್ದಿಲ್ಲ."

ಠಾಣೆಗೆ ಬಂದು ಅಷ್ಟು ಹೇಳು ಎಂದು ಮಲ್ಲೇಶ್ವರಿ ತಾಯಿಯ ಕೈ ಹಿಡಿದು ಬೇಡಿದಳು. ಜನಾಬಾಯಿ ಗಂಡನ ಕಡೆ ನೋಡಿದಳು. ಧೊಂಡಿಬಾ ತಲೆ ಎತ್ತಲಿಲ್ಲ. ಮಂದಿಯ ವಿರುದ್ಧ ನಿಂತು ಇದೇ ಮಂದಿಯ ಜೊತೆ ಕುರಿ ಮೇಯಿಸುವುದು ಹೇಗೆ, ನಾಳೆ ಗಂಡುಮಕ್ಕಳಿಗೆ ಹೆಣ್ಣು ಕೊಡುವವರು ಯಾರು ಎಂದು ಜನಾಬಾಯಿ ಹೇಳಿದಳು. ಮಗಳನ್ನು ಓದಿಸಲು ಇಡೀ ವಸ್ತಿಯ ಜೊತೆ ಜಗಳಾಡಿದ ಹೆಂಗಸು ಅವಳೇ. ಹೇಳಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ಮರಿ ಹಿಂದಕ್ಕೆ ಹೋಗಲಿಲ್ಲ. ಮುಂದಿನ ಸಲ ಬಂದಾಗ ಅದು ಹಿಂಡಿನಲ್ಲಿ ಸೇರಿಹೋಗಿತ್ತು, ಯಾವುದೆಂದು ಅವಳಿಗೆ ಗುರುತು ಸಿಗಲಿಲ್ಲ.

ಸೋಮವಾರ ಅವಳು ಸುಶೀಲಕುಮಾರರ ಬಳಿ ಹೋಗಿ, ತಾಯಿ ಹೇಳಿದ್ದನ್ನೂ ಪೇದೆ ಹೇಳಿದ್ದನ್ನೂ ತಿಳಿಸಿದಳು. ತಾನು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಎಂದು ಕೇಳಿದಳು. ಅವರು ಮೆಷಿನ್ ಆರಿಸಿ ಸ್ಟೂಲಿನ ಮೇಲೆ ಕುಳಿತರು.

"ನೀ ಕೇಳಿದ್ದೂ ಖರೆ, ಹೇಳಿದ್ದೂ ಖರೆ. ಅದರಾಗ ತಪ್ಪಿಲ್ಲ. ಸೊಂಟ ತೆಗದಿದ್ರೂ ಏನು ಬರ್ತಿತ್ತೋ ನನಗ ಗೊತ್ತಿಲ್ಲ." ಎದ್ದು ಬಾಗಿಲು ಮುಂದೆ ಮಾಡಿ ಬಂದರು. "ಆದ್ರ ಒಂದು ಮಾತು. ಒಂದು ಎಕ್ಸ್‌ರೇದಾಗ ಕಿರಣ ಭಾಳ ಕಡಿಮಿ ಇರ್ತದ. ಇಷ್ಟು ಜರೂರು ಅದ, ಹುಡುಗಿನೂ ಒಪ್ಪ್ಯಾಳ ಅಂತ ನಾ ಡಾಕ್ಟರಿಗೆ ಹೇಳಬಹುದಿತ್ತು. ಅವರು ವಿಚಾರ ಮಾಡ್ತಿದ್ರೋ ಏನೋ. ನಾ ಹೇಳಲಿಲ್ಲ. ಆ ಹುಡುಗ ನಮ್ಮಾಂವ. ನಮ್ಮಾಂವಗ ಮಾಡ್ದಾ ಅಂತ ನಾಳಿ ಅಂತಾರ, ಅದಕ್ಕ ಅಂಜಿದೆ."

ನೀವು ಅಷ್ಟು ಅಂಜಿದರೂ ಜನ ಅಂದೇ ಅಂದರು, ನಮ್ಮ ಮನೆಗೇ ಬಂದು ಅಂದರು ಎಂದು ಮಲ್ಲೇಶ್ವರಿ ಹೇಳಬಹುದಿತ್ತು. ಅವರ ಮುಖ ನೋಡಿ ಹೇಳಲಿಲ್ಲ. ಜನಾಬಾಯಿಯ ಮಾತನ್ನು ಅವರು ಹುಡುಗನ ವಕೀಲರಿಗೆ ತಲುಪಿಸಿದರು. ವಕೀಲರು ವಸ್ತಿಗೆ ಹೋದಾಗ ಜನಾಬಾಯಿ ತನಗೇನೂ ನೆನಪಿಲ್ಲ ಎಂದಳು.

ಪರಿಚಯ ಕೋರ್ಸ್ ಮುಗಿದಾಗ ಸಾನಿಯಾ ಲ್ಯಾಬ್ ಕಡೆ ಹೋದಳು. ಮಲ್ಲೇಶ್ವರಿ ಬಿಟ್ಟುಬಿಡುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅವಳು ಎಕ್ಸ್‌ರೇ ಡಿಪ್ಲೊಮಾಗೇ ಸೇರಿದಳು. ಬಿಟ್ಟರೆ ವಸ್ತಿಗೆ ಹಿಂದಿರುಗಬೇಕಿತ್ತು, ಅಲ್ಲಿ ಇರುವುದು ಅವಳಿಂದ ಆಗುತ್ತಿರಲಿಲ್ಲ. ಅದು ಒಂದು ಕಾರಣ. ಇನ್ನೊಂದನ್ನು ಸಾನಿಯಾಳಿಗೆ ಮಾತ್ರ ಹೇಳಿದ್ದಳು: ಆ ಪರದೆಯ ಹಿಂದೆ ಹೆಂಗಸೊಬ್ಬಳು ಇರಬೇಕು, ಏನೂ ಮಾಡಲಾಗದಿದ್ದರೂ.

ಓದು ಮುಗಿದ ಮೇಲೆ ಭಾಲ್ಕಿಯ ಒಂದು ಸಣ್ಣ ಎಕ್ಸ್‌ರೇ ಸೆಂಟರಿನಲ್ಲಿ ಕೆಲಸ ಸಿಕ್ಕಿತು. ಬೀದರಿನ ಅದೇ ಆಸ್ಪತ್ರೆಯಲ್ಲಿ ಜಾಗ ಖಾಲಿ ಇದೆ ಎಂದು ಸುಶೀಲಕುಮಾರ ಫೋನ್ ಮಾಡಿದಾಗ ಒಲ್ಲೆ ಎಂದಳು. ಭಾಲ್ಕಿಯ ಆ ಸೆಂಟರಿಗೆ ವಯಸ್ಸು ನೋಡಲು ಹುಡುಗಿಯರನ್ನು ಯಾರೂ ಕರೆತರುವುದಿಲ್ಲ.

ಧಮ್ಮಪಾಲನಿಗೆ ಜಾಮೀನು ಸಿಗಲು ಸುಮಾರು ಒಂದು ವರ್ಷ ಹಿಡಿಯಿತು. ಕೇಸು ಇನ್ನೂ ಉದ್ದ ನಡೆಯಿತು. ಕೋರ್ಟಿನ ಕಟಕಟೆಯಲ್ಲಿ ನಿಂತು ಗೋದಾವರಿ, ತಾನೇ ಮನಸಾರೆ ಹೋಗಿದ್ದೆ ಎಂದಳಂತೆ. ಕೊನೆಗೆ ಬಂದ ತೀರ್ಪನ್ನು ಸುಶೀಲಕುಮಾರ ಫೋನಿನಲ್ಲಿ ತಿಳಿಸಿದರು. ಎಲುಬಿನ ಪರೀಕ್ಷೆಯಲ್ಲಿ ಎರಡು ವರ್ಷ ಆಚೀಚೆ ಆಗಬಹುದು, ಆ ಸಂಶಯದ ಲಾಭ ಹುಡುಗನಿಗೆ ಸಿಗಬೇಕು ಎಂದು ಅವನನ್ನು ಬಿಟ್ಟರು. ಅವಳನ್ನು ಸಣ್ಣವಳೆಂದು ಹಿಡಿದಿಟ್ಟದ್ದೂ ಅದೇ ವರದಿಯೇ.

ಗೋದಾವರಿಗೆ ಈ ಸುದ್ದಿ ಗೊತ್ತೇ ಎಂದು ಮಲ್ಲೇಶ್ವರಿ ಕೇಳಿದಳು. ಸಾಕ್ಷಿ ಮುಗಿದ ಕೂಡಲೇ ಅವಳ ಅಪ್ಪ ಅವಳನ್ನು ಮಹಾರಾಷ್ಟ್ರದ ಕಡೆ ಮದುವೆ ಮಾಡಿ ಕೊಟ್ಟಿದ್ದ.

"ಯಾರು ಹೇಳ್ತಾರವ್ವ ಆಕಿಗಿ" ಎಂದರು ಸುಶೀಲಕುಮಾರ.

ಧಮ್ಮಪಾಲ ಆಟೊ ಮಾರಿ ಹೈದರಾಬಾದಿಗೆ ಹೋಗಿದ್ದಾನೆ ಎಂದೂ ತಿಳಿಸಿದರು. ಮಲ್ಲೇಶ್ವರಿ ತಾಯಿಗೆ ಫೋನ್ ಮಾಡಿ, ಗೋದಾವರಿಯನ್ನು ಕೊಟ್ಟ ಊರಿನ ಹೆಸರು ವಿಚಾರಿಸಲು ಹೇಳಿದಳು. ಜನಾಬಾಯಿ ನಾಲ್ಕಾರು ಕಡೆ ಕೇಳಿದಳು. ದೇಗಲೂರಿನ ಆಚೆ ಎಂದಷ್ಟೇ ಅಂದರು. ಊರಿನ ಹೆಸರನ್ನು ಯಾರೂ ಹೇಳಲಿಲ್ಲ.