ಹಾಲಿಲ್ಲದ ಟೀ ಮತ್ತು ಒಂದು ಸಣ್ಣ ಸ್ವಿಚ್

ಹೋದ ತಿಂಗಳು ಮೊಳಕಾಲ್ಮೂರಿನಲ್ಲಿ ನನ್ನ ಚಿಕ್ಕವ್ವ ಕೈಗೆ ಕರೀ ಟೀ ಕೊಟ್ಟಳು. ಹಿತ್ತಲಲ್ಲಿ ಎಮ್ಮೆ ಕಟ್ಟಿಕೊಂಡು ಹಾಲಿಲ್ಲದ ಟೀ!

"ಯಾಕೆ ಚಿಕ್ಕವ್ವಾ, ಎಮ್ಮೆ ಒದೀತಾ?" ಅಂದೆ.

"ನೀನೇ ಹೇಳಿದ್ದಲ್ಲೇನಪ್ಪಾ, ಹಾಲಿಗೆ ಸ್ವಿಚ್ ಆನ್ ಆಗ್ತೈತೆ ಅಂತ!"

ಕಥೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಚಿಕ್ಕವ್ವ ರೇಷ್ಮೆ ಸೀರೆ ನೇಯುವವಳು. ಸಕ್ಕರೆ ಕಾಯಿಲೆ ಇದೆ. ಕಾಲ್ಬೆರಳಿನ ಗಾಯ ಮಾಯುತ್ತಲೇ ಇರಲಿಲ್ಲ. ಇನ್ಸುಲಿನ್ ತಗೊಳ್ಳದಿದ್ದರೆ ಕಾಲಿಗೇ ಅಪಾಯ ಅಂತ ಚಳ್ಳಕೆರೆಯ ಡಾಕ್ಟರು ಹೇಳಿದ್ದರು. ಮಗ್ಗ ತುಳಿಯುವ ಕಾಲು ಸ್ವಾಮಿ ಅದು! ಆದರೆ ಚಿಕ್ಕವ್ವ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಇನ್ಸುಲಿನ್ನನ್ನು ಹಂದಿ, ದನದಿಂದ ತೆಗೀತಾರೆ ಅಂತ ಯಾರೋ ಕಿವಿಗೆ ಹಾಕಿದ್ದರು. ಈಕೆಯೋ ಮೊಟ್ಟೆ ಕೂಡ ಮುಟ್ಟದವಳು. "ಕಾಲು ಹೋದ್ರೆ ಹೋಗ್ಲಿ ಬಿಡು" ಅಂದುಬಿಟ್ಟಳು.

ನಾನು ಬಿಡ್ತೀನಾ? ಚಳ್ಳಕೆರೆಯಲ್ಲಿ ಹೊಸ ಬಗೆಯ ಇನ್ಸುಲಿನ್ ಕೊಂಡೆ. ಬಸ್‌ಸ್ಟ್ಯಾಂಡಿನ ಜ್ಯೂಸ್ ಅಂಗಡಿಯವನನ್ನು ಕಾಡಿ, ಔಷಧಿ ಬಿಸಿಲಿಗೆ ಕೆಡದಿರಲಿ ಅಂತ ಥರ್ಮಾಸಿಗೆ ಐಸ್ ಹಾಕಿಸಿದೆ. ಸೀಸೆಗೆ ಬಟ್ಟೆ ಸುತ್ತಿ ಅದರೊಳಗಿಟ್ಟು ಪ್ರೈವೇಟ್ ಬಸ್ ಹತ್ತಿದೆ. ("ಐಸ್‌ಕ್ಯಾಂಡೀನಾ ಸಾರ್?" ಅಂದ ಕಂಡಕ್ಟರ್. ಹೂಂ ಅಂದೆ. ಅವನಿಗೂ ಪಾಠ ಮಾಡಲಾ?)

ಪಾಠವೆಲ್ಲ ಚಿಕ್ಕವ್ವನಿಗೇ ಆಯಿತು. ಈಗ ಹಂದಿಯೂ ಬೇಡ, ದನವೂ ಬೇಡ. ಇನ್ಸುಲಿನ್ ಮಾಡುವ ವಿದ್ಯೆ ನಮ್ಮ ಜೀನ್‌ನಲ್ಲಿದೆ. ಆ ಜೀನನ್ನು ಬ್ಯಾಕ್ಟೀರಿಯಾ ಅನ್ನುವ ಹುಳದೊಳಗೆ ಕೂರಿಸಿದ್ದಾರೆ. ಅದಕ್ಕೊಂದು ಸ್ವಿಚ್ ಬೇರೆ! ಸ್ವಿಚ್‌ಗಳಲ್ಲಿ ನಾನಾ ನಮೂನೆ. ಒಂದಕ್ಕೆ ಹಾಲಿನಲ್ಲಿರುವ ಸಕ್ಕರೆ ಕೊಟ್ಟರೆ ಜೀನ್ ಆನ್, ಇಲ್ಲದಿದ್ದರೆ ಆಫ್. ಈಗಂತೂ ಇಂಥ ಸ್ವಿಚ್‌ಗಳನ್ನು ಒಂದಕ್ಕೊಂದು ಜೋಡಿಸಿ, ಜೀವಕೋಶಕ್ಕೇ ವೈರಿಂಗ್ ಮಾಡುವವರು ಹುಟ್ಟಿಕೊಂಡಿದ್ದಾರೆ. ಕಣ್ಣಿಗೇ ಕಾಣದ ಜೀವಿಗೆ "ಈಗ ಮಾಡು, ಈಗ ನಿಲ್ಲಿಸು" ಅನ್ನಬಹುದು ಅಂದರೆ ಮೈ ಜುಮ್ಮೆನ್ನಲ್ವಾ? ನನಗಂತೂ ಖುಷಿ ತಡೆಯೋಕಾಗಲಿಲ್ಲ.

ಚಿಕ್ಕವ್ವ ಸೂಜಿಗೆ ಒಪ್ಪಿದಳು. ಆದರೆ ಅವತ್ತಿನಿಂದಲೇ ಹಾಲು ಬಂದ್! ಹೋದ ತಿಂಗಳು ನನ್ನ ಕೈಗೆ ಬಂದ ಕರೀ ಟೀ ಅದರದೇ ಫಲ.

"ಆ ಹುಳ ನನ್ನ ಮೈಯಾಗೆ ಆನ್ ಆಗಿ, ನಿಲ್ಲದೆ ಔಷಧಿ ಸುರಿದ್ರೆ ಏನ್ ಮಾಡ್ಲಿ?"

ನಗಬೇಡಿ. ಹುಳ ಮೈಯೊಳಗೆ ಹೊಕ್ಕಿದೆ ಅಂದುಕೊಂಡರೆ ನಾನೂ ಹಾಲು ಬಿಡುತ್ತಿದ್ದೆ. ಪಾಠದ ಭರದಲ್ಲಿ ಮುಖ್ಯವಾದದ್ದನ್ನೇ ಹೇಳಿರಲಿಲ್ಲವಲ್ಲ! ಕಾಲಿನ ಗಾಯದಿಂದ ನಿಂತುಹೋಗಿದ್ದ ನಡುಮನೆಯ ಮಗ್ಗದ ಕಡೆ ಕೈ ತೋರಿಸಿದೆ.

"ನೀನು ನೇಯ್ದ ಸೀರೆ ಉಟ್ಟ ಮದುಮಗಳ ಹಿಂದೆ ಈ ಮಗ್ಗಾನೂ ಗಂಡನ ಮನೆಗೆ ಹೋಗ್ತೈತಾ?"

"ಮಗ್ಗ ಯಾಕ್ ಹೋಗ್ತೈತೆ? ಸೀರೆ ಹೋಗ್ತೈತೆ."

"ಇದೂ ಹಂಗೇ. ಹುಳ, ಸ್ವಿಚ್ಚು ಎಲ್ಲಾ ಫ್ಯಾಕ್ಟರೀಲೇ ಉಳೀತಾವೆ. ಸೀಸೇಲಿ ಬರೋದು ಅವು ಮಾಡಿಕೊಟ್ಟ ಔಷಧಿ, ಸೋಸಿ ಶುದ್ಧ ಮಾಡಿದ್ದು."

ಚಿಕ್ಕವ್ವ ಮಗ್ಗವನ್ನೇ ನೋಡಿದಳು. ಆಮೇಲೆ ನನ್ನ ಕೈಯಲ್ಲಿದ್ದ ಟೀ ಕಿತ್ತುಕೊಂಡು ಕುಂಟುತ್ತಲೇ ಒಳಗೆ ಹೋಗಿ, ಹಾಲು ಸುರಿದು ತಂದಳು. ತನಗೂ ಒಂದು ಲೋಟ.

ನಿನ್ನೆ ಪಕ್ಕದ ಮನೆಯವರ ಫೋನಿನಿಂದ ಮಾತಾಡಿದಳು. ಗಾಯ ಮಾಯ್ದಿದೆ, ಕಾಲಿಗೆ ಕೆಲಸ ಕೊಡೋಕೆ ಡಾಕ್ಟರೂ ಹೂಂ ಅಂದಿದ್ದಾರೆ. ಹಿಂದಿನಿಂದ ಟಕಟಕ ಸದ್ದು ಕೇಳುತ್ತಿತ್ತು. ಮೊಳಕಾಲ್ಮೂರಿನಲ್ಲಿ ಪಕ್ಕದ ಮನೆಯಲ್ಲೂ ಮಗ್ಗವೇ ತಾನೇ?

ಫೋನ್ ಇಡುವ ಮುಂಚೆ ಅಂದಳು: "ಆ ನಿನ್ನ ಹುಳಕ್ಕೆ ಹೇಳಪ್ಪಾ, ನನ್ನ ಮಗ್ಗಾನೂ ಆನ್ ಆಗೈತೆ ಅಂತ."